ಕಾಗದ ಕೇಳುವವರು, ಕುಲ ಹೇಳುವವರು

ದಲಿತ ವಿಮರ್ಶೆ ಅಂದಕೂಡಲೇ ನಾವು ಕತೆ, ಕಾದಂಬರಿ, ಕಾವ್ಯ, ಆತ್ಮಕಥೆಗಳ ಕಡೆಗೇ ತಿರುಗುತ್ತೇವೆ. ಆಗಬೇಕಾದ ಕೆಲಸವೇ ಅದು. ಆದರೆ ನಮ್ಮ ಜನರ ಬದುಕನ್ನು ಕವಿಗಳಿಗಿಂತ ಹೆಚ್ಚು ಬರೆದವರು ಶಾನುಭೋಗರು, ಪೊಲೀಸರು, ಜನಗಣತಿಯವರು, ನ್ಯಾಯಾಧೀಶರು. ಒಬ್ಬ ಮನುಷ್ಯ ಯಾರು, ಎಲ್ಲಿ ಇರಬಹುದು, ಎಲ್ಲಿಂದ ಎದ್ದು ಹೋಗಬೇಕು ಅಂತ ತೀರ್ಮಾನಿಸುವ ಬರಹಕ್ಕಿಂತ ಬಲವಾದ ಬರಹ ಯಾವುದಿದೆ? ಅದನ್ನೂ ಪಠ್ಯವಾಗಿ ಓದಬೇಕು ಅನ್ನೋದು ನನ್ನ ವಾದ. ಅದಕ್ಕಾಗಿ ಅಮೆರಿಕದ ವಲಸೆ ಕಾನೂನಿನ ಸುತ್ತ ಹುಟ್ಟಿದ ಎರಡು ಪಠ್ಯಗಳನ್ನು ಇಲ್ಲಿ ಎದುರುಬದುರು ಇಡುತ್ತೇನೆ. ಒಂದು, 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ಪಂಜಾಬಿಯ ಪರವಾಗಿ ಮಂಡಿಸಿದ ವಾದ ಮತ್ತು ಅದಕ್ಕೆ ಬಂದ ತೀರ್ಪು. ಇನ್ನೊಂದು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದ್ವೀಪವೊಂದರಲ್ಲಿ ಕೂಡಿಹಾಕಿದ್ದ ಚೀನೀಯರು ಮರದ ಗೋಡೆಗಳ ಮೇಲೆ ಕೆತ್ತಿದ ಪದ್ಯಗಳು.

ದೂರದ ಅಮೆರಿಕದ ಉಸಾಬರಿ ನಮಗ್ಯಾಕೆ ಅಂತ ಕೇಳಬಹುದು. ಮೊದಲನೆಯ ಪಠ್ಯದ ನಟ್ಟನಡುವೆ ನಮ್ಮ ಜಾತಿ ಕೂತಿದೆ, ಅದಕ್ಕೇ.

1

ಭಗತ್ ಸಿಂಗ್ ಥಿಂಡ್ 1913ರಲ್ಲಿ ಅಮೆರಿಕಕ್ಕೆ ಬಂದವರು. ಆರೆಗಾನ್ ರಾಜ್ಯದ ಮರದ ಮಿಲ್ಲುಗಳಲ್ಲಿ ದುಡಿದರು. ಮೊದಲನೇ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಅಮೆರಿಕದ ಸೈನ್ಯ ಸೇರಿದರು. ಅದೇ ವರ್ಷ ಪೌರತ್ವ ಸಿಕ್ಕಿತು. ನಾಲ್ಕೇ ದಿನದಲ್ಲಿ ಕಿತ್ತುಕೊಂಡರು. 1920ರಲ್ಲಿ ಮತ್ತೆ ಸಿಕ್ಕಿತು. ಸರ್ಕಾರ ಮೇಲಿನ ಕೋರ್ಟಿಗೆ ಹೋಯಿತು. ಯಾಕೆಂದರೆ 1790ರ ಕಾನೂನಿನ ಪ್ರಕಾರ ವಲಸೆ ಬಂದವರಲ್ಲಿ ಬಿಳಿಯರಷ್ಟೇ ಪೌರರಾಗಬಹುದಿತ್ತು. ಗುಲಾಮಗಿರಿ ಹೋದ ಮೇಲೆ, 1870ರಲ್ಲಿ, ಆಫ್ರಿಕ ಮೂಲದವರನ್ನೂ ಸೇರಿಸಿದರು. ಅಂದರೆ ಕಾನೂನಿಗೆ ಎರಡು ಬಾಗಿಲುಗಳಿದ್ದವು. ಏಷ್ಯದಿಂದ ಹೋದವರು ಕೋರ್ಟು ಹತ್ತಿದಾಗ ಹೆಚ್ಚೂಕಡಿಮೆ ಎಲ್ಲರೂ ತಟ್ಟಿದ್ದು ಬಿಳಿಯರ ಬಾಗಿಲನ್ನೇ. ಕರಿಯರ ಬಾಗಿಲ ಹಿಂದೆ ಎಂಥ ಬದುಕಿದೆ ಅಂತ ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು.

ಥಿಂಡ್ ಹುಟ್ಟಿನಿಂದ ಸಿಖ್ಖರು. ಆದರೂ ಕೋರ್ಟಿನ ಕಾಗದಗಳಲ್ಲಿ ಅವರು ಮೇಲ್ಜಾತಿಯ ಹಿಂದೂ. ವಾದ ಹೀಗಿದೆ: ಪಂಜಾಬಿನವರು ಆರ್ಯರು, ಆರ್ಯರು ಕಕೇಸಿಯನ್ನರು, ಕಕೇಸಿಯನ್ನರು ಬಿಳಿಯರು. ಈ ರಕ್ತ ಕಲಬೆರಕೆ ಆಗಿಲ್ಲ ಅನ್ನೋದಕ್ಕೆ ಸಾಕ್ಷಿ ಏನು? ಜಾತಿ. ಜಾತಿಯ ಕಟ್ಟುಪಾಡು ಮದುವೆಯನ್ನು ಕಾದಿದೆ, ಮದುವೆ ರಕ್ತವನ್ನು ಕಾದಿದೆ. ಅಮೆರಿಕದ ಬಿಳಿಯ ಮದುವೆಯ ವಿಷಯದಲ್ಲಿ ನೀಗ್ರೋನನ್ನು ಹೇಗೆ ಕಾಣುತ್ತಾನೋ, ಮೇಲ್ಜಾತಿಯ ಹಿಂದೂ ಅಲ್ಲಿನ ಮೂಲನಿವಾಸಿಯನ್ನು ಹಾಗೇ ಕಾಣುತ್ತಾನೆ ಎಂಬ ಹೋಲಿಕೆಯೂ ಆ ವಾದದಲ್ಲಿ ಬರುತ್ತದೆ.

ಇದನ್ನು ವಕೀಲಿ ಜಾಣ್ಮೆ ಅಂತ ಬಿಟ್ಟುಬಿಡಬಹುದು. ಕಾನೂನೇ ಬಿಳಿಯೋ ಅಲ್ಲವೋ ಅಂತ ಕೇಳುತ್ತಿರುವಾಗ ಪಾಪ ಅವರಾದರೂ ಏನು ಹೇಳಬೇಕಿತ್ತು? ಆ ಪ್ರಶ್ನೆಯೇ ಅನ್ಯಾಯದ್ದು, ಒಪ್ಪುತ್ತೇನೆ. ಆದರೆ ಉತ್ತರವನ್ನು ಯಾರ ಖರ್ಚಿನಲ್ಲಿ ಕೊಟ್ಟರು ಅನ್ನೋದನ್ನು ವಿಮರ್ಶೆ ಕೇಳಲೇಬೇಕು. ನಮ್ಮವರನ್ನು ಮುಟ್ಟದೆ, ನಮ್ಮವರಿಂದ ಹೆಣ್ಣು ತಾರದೆ, ನಮ್ಮವರಿಗೆ ಹೆಣ್ಣು ಕೊಡದೆ ಇದ್ದದ್ದು ಇಲ್ಲಿ ಅರ್ಹತಾ ಪತ್ರವಾಗಿದೆ. ಕೇರಿಯ ಅವಮಾನ ಏಳು ಸಮುದ್ರ ದಾಟಿ, ಬೇರೆಯವರ ಅರ್ಜಿಗೆ ಲಗತ್ತಾಗಿದೆ.

1923ರ ಫೆಬ್ರವರಿ 19ರಂದು ತೀರ್ಪು ಬಂತು. ಬರೆದವರು ಜಾರ್ಜ್ ಸದರ್‌ಲ್ಯಾಂಡ್, ತಾವೇ ಇಂಗ್ಲೆಂಡಿನಲ್ಲಿ ಹುಟ್ಟಿ ವಲಸೆ ಬಂದವರು. ಮೂರು ತಿಂಗಳ ಹಿಂದೆ ಜಪಾನಿನ ಒಜಾವಾ ಅವರ ಅರ್ಜಿ ತಳ್ಳುವಾಗ ಇದೇ ನ್ಯಾಯಾಧೀಶರು, ಬಿಳಿಯ ಅಂದರೆ ಕಕೇಸಿಯನ್ ಅಂದಿದ್ದರು. ಥಿಂಡ್ ಬಂದು ನಾನು ಕಕೇಸಿಯನ್ ಅಂದಾಗ, ಪಂಡಿತರ ವರ್ಗೀಕರಣ ಬೇಡ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಬಿಳಿಯ ಯಾರೋ ಅವನೇ ಬಿಳಿಯ ಅಂದರು. ಇನ್ನೂ ಒಂದು ಮಾತು ಸೇರಿಸಿದರು: ಬೆರಕೆ ತಡೆಯಲಿಕ್ಕೆ ಜಾತಿಯ ನಿಯಮ ಮಾಡಿದ್ದರೂ ಅದು ಪೂರ್ತಿ ಯಶಸ್ವಿಯಾದಂತೆ ಕಾಣುವುದಿಲ್ಲ. ನೋಡಿ, ವರ್ಣಸಂಕರದ ಚಿಂತೆ ವಾದಿಗೂ ಉಂಟು, ನ್ಯಾಯಾಧೀಶರಿಗೂ ಉಂಟು. ಜಾತಿ ತಪ್ಪು ಅಂತ ಇಬ್ಬರೂ ಹೇಳಲಿಲ್ಲ. ಅದು ಸಾಕಷ್ಟು ಬಿಗಿಯಾಗಿತ್ತೋ ಇಲ್ಲವೋ ಅನ್ನೋದರ ಮೇಲೆ ಜಗಳ.

2

ಥಿಂಡ್ ಹಡಗಿಳಿದ 1913ರಲ್ಲೇ ಇನ್ನೊಬ್ಬ ಭಾರತೀಯ ಆ ದೇಶದ ಇನ್ನೊಂದು ದಡದಲ್ಲಿ ಇಳಿದರು. ಬರೋಡದ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಬಂದ ಭೀಮರಾವ್ ಅಂಬೇಡ್ಕರ್. 1916ರ ಮೇ ತಿಂಗಳಲ್ಲಿ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಗೋಷ್ಠಿಯಲ್ಲಿ ಅವರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಒಳಮದುವೆಯೇ ಜಾತಿಯ ಜೀವಾಳ, ಅದನ್ನು ಉಳಿಸಿಕೊಳ್ಳೋದಕ್ಕಾಗಿಯೇ ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಬಂದವು ಅಂತ ಬಿಡಿಸಿ ತೋರಿಸಿದರು. ಭಾರತದ ಜನ ರಕ್ತದಲ್ಲಿ ಬೆರೆತವರೇ, ಜಾತಿಯನ್ನು ಜನಾಂಗವೆಂದು ತಿಳಿಯಬಾರದು ಎಂಬುದು ಅವರ ನಿಲುವಾಗಿತ್ತು. 1946ರಲ್ಲಿ ಶೂದ್ರರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಆರ್ಯ ಜನಾಂಗದ ಸಿದ್ಧಾಂತವನ್ನೇ ತಳ್ಳಿಹಾಕಿದರು.

ಅಂಬೇಡ್ಕರ್ ರೋಗ ಅಂತ ಗುರುತಿಸಿದ್ದನ್ನು ಏಳು ವರ್ಷಗಳ ನಂತರ ಅದೇ ದೇಶದ ಕೋರ್ಟಿನಲ್ಲಿ ಆರೋಗ್ಯದ ಸರ್ಟಿಫಿಕೇಟು ಅಂತ ತೋರಿಸಿದರು. ಅಮೆರಿಕದ ಭಾರತೀಯರ ಬಗೆಗಿನ ಬರಹಗಳು ಥಿಂಡರನ್ನು ಹಕ್ಕಿನ ಹೋರಾಟಗಾರನೆಂದು ನೆನೆಯುತ್ತವೆ. ನೆನೆಯಲಿ. ಪಕ್ಕದಲ್ಲಿ ಆ 1916ರ ಪ್ರಬಂಧವನ್ನೂ ಇಟ್ಟು ಓದಿದಾಗಲೇ ನಮಗೆ ಇಡೀ ಕತೆ ಸಿಗುತ್ತದೆ.

ತೀರ್ಪಿನ ಪೆಟ್ಟು ಮಾತ್ರ ಕುಲ ನೋಡಲಿಲ್ಲ. ಆಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಸರ್ಕಾರ ಹುಡುಕಿ ಹುಡುಕಿ ರದ್ದು ಮಾಡಿಸಿತು. ಪೌರರಾಗಲು ಬಾರದವರು ಜಮೀನು ಹೊಂದಬಾರದು ಅಂತ ಕ್ಯಾಲಿಫೋರ್ನಿಯದಲ್ಲಿ 1913ರಿಂದಲೇ ಕಾನೂನಿತ್ತು. ಅದೂ ಬಂದು ಕುತ್ತಿಗೆ ಹಿಡಿಯಿತು. ವೈಷ್ಣೋ ದಾಸ್ ಬಗೈ ಅನ್ನುವ ವ್ಯಾಪಾರಿ 1915ರಲ್ಲಿ ಹೆಂಡತಿ, ಮೂವರು ಗಂಡುಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, 1921ರಲ್ಲಿ ಪೌರರಾಗಿದ್ದರು. ಅದೂ ಹೋಯಿತು. 1928ರಲ್ಲಿ ಅವರು ಗ್ಯಾಸಿನಿಂದ ಪ್ರಾಣ ಕಳೆದುಕೊಂಡರು. ಅವರು ಬರೆದಿಟ್ಟ ಪತ್ರ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ಥಿಂಡರಿಗೆ ಪೌರತ್ವ ಕೊನೆಗೂ ಸಿಕ್ಕಿದ್ದು 1936ರಲ್ಲಿ, ಮಾಜಿ ಸೈನಿಕರಿಗಾಗಿ ಮಾಡಿದ ಕಾನೂನಿನಿಂದ. ಅಂದರೆ ಮಾಡಿದ ಕೆಲಸ ಕೈಹಿಡಿಯಿತು, ಹೇಳಿದ ಕುಲ ಕೈಕೊಟ್ಟಿತು.

ಭಾರತೀಯರೆಲ್ಲರಿಗೆ ಪೌರತ್ವದ ದಾರಿ ತೆರೆದದ್ದು 1946ರ ಜುಲೈಯಲ್ಲಿ. ವಲಸೆಗೆ ಕೊಟ್ಟದ್ದು ವರ್ಷಕ್ಕೆ ನೂರು ಜನರ ಪಾಲು. ಅದೇ ವರ್ಷ ಅಂಬೇಡ್ಕರರು ಕರಿಯರ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದರು. ಅಮೆರಿಕದ ನೀಗ್ರೋಗಳು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕು, ಅಸ್ಪೃಶ್ಯರೂ ಆ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಅಂತ. 1870ರಿಂದ ತೆರೆದಿದ್ದ ಆ ಇನ್ನೊಂದು ಬಾಗಿಲನ್ನು ತಟ್ಟಿದ ಪತ್ರ ಅಂತಲೇ ನಾನು ಇದನ್ನು ಓದುತ್ತೇನೆ.

3

ಈಗ ಎರಡನೇ ಪಠ್ಯ. 1882ರ ಕಾನೂನು ಚೀನೀ ಕೂಲಿಗಳಿಗೆ ಅಮೆರಿಕದ ಬಾಗಿಲು ಮುಚ್ಚಿತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ನಾನು ಇಲ್ಲೇ ಹುಟ್ಟಿದವನು ಅಂತ ಹೇಳಿಕೊಳ್ಳಲು ಆಗ ದಾರಿಯಾಯಿತು. ಹಾಗೆ ಪೌರರಾದವರ ಮಕ್ಕಳೆಂದು ಹೇಳಿಕೊಂಡು ಬಂದವರಿಗೆ 'ಕಾಗದದ ಮಕ್ಕಳು' ಅಂತ ಹೆಸರು. ಇವರನ್ನು ಜರಡಿ ಹಿಡಿಯಲು 1910ರಿಂದ 1940ರವರೆಗೆ ಏಂಜಲ್ ದ್ವೀಪದಲ್ಲಿ ಠಾಣೆ ಇತ್ತು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು, ಬೀದಿಯಲ್ಲಿ ಎಷ್ಟು ಮನೆ, ಬಾವಿ ಯಾವ ದಿಕ್ಕಿಗೆ, ಇಂಥವೇ ಪ್ರಶ್ನೆಗಳು. ಅಪ್ಪನ ಉತ್ತರವೂ ಮಗನ ಉತ್ತರವೂ ತಾಳೆಯಾಗಬೇಕು. ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು.

ಹಾಗೆ ಕಾದವರು ಗೋಡೆಯ ಮೇಲೆ ಕೆತ್ತಿದರು. ಅಧಿಕಾರಿಗಳು ಬಣ್ಣ ಹೊಡೆಸಿ ಮುಚ್ಚಿದರು, ಅಕ್ಷರ ಉಳಿಯಿತು. 1970ರಲ್ಲಿ ಕಟ್ಟಡ ಕೆಡವುವ ಹೊತ್ತಿಗೆ ಒಬ್ಬ ವನಪಾಲಕ ಅವನ್ನು ಗಮನಿಸಿದ. 1980ರಲ್ಲಿ ಹಿಮ್ ಮಾರ್ಕ್ ಲಾಯ್, ಜೆನ್ನಿ ಲಿಮ್, ಜೂಡಿ ಯಂಗ್ ಅವನ್ನು ಅನುವಾದದೊಂದಿಗೆ ಪುಸ್ತಕ ಮಾಡಿದರು.

ಈ ಪದ್ಯಗಳಿಗೆ ಹೆಚ್ಚಾಗಿ ಕವಿಯ ಹೆಸರಿಲ್ಲ. ಚೀನದ ಹಳೆಯ ಛಂದಸ್ಸಿನಲ್ಲಿ ಸಿಟ್ಟು, ನಾಚಿಕೆ, ಮನೆಯ ನೆನಪು, ಸೇಡಿನ ಮಾತು ಬರುತ್ತವೆ. ಕಾವ್ಯವಾಗಿ ಎಲ್ಲವೂ ಒಂದೇ ತೂಕದವಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಅವು ಯಾರನ್ನು ಕುರಿತು ಆಡುತ್ತವೆ ಅನ್ನೋದು. ಥಿಂಡರ ವಾದ ಮೇಲಿನವರ ಕಡೆಗೆ ಮುಖಮಾಡಿದೆ: ನಾನು ನಿಮ್ಮವನು, ಅವರಂಥವನಲ್ಲ. ಗೋಡೆಯ ಪದ್ಯಗಳು ಅದೇ ಮಂಚಕ್ಕೆ ನಾಳೆ ಬರುವವನ ಕಡೆಗೆ ಮುಖಮಾಡಿವೆ: ನಾನೂ ಇಲ್ಲಿ ಇದ್ದೆ. ಒಂದು ಪದ್ಯಕ್ಕೆ ಇನ್ನೊಂದು ಪದ್ಯ ಉತ್ತರ ಕೊಡುತ್ತದೆ. ಅನುಭವದ ಪ್ರಾಮಾಣಿಕತೆ ಅನ್ನುವ ಮಾತನ್ನು ನಾವು ಬಳಸಿ ಬಳಸಿ ಸವೆಸಿದ್ದೇವೆ. ಯಾರಿಗಾಗಿ ಹೇಳಿದ್ದು ಅನ್ನೋದನ್ನೂ ಸೇರಿಸಿಕೊಂಡರೆ ಆ ಮಾತಿಗೆ ಮತ್ತೆ ಜೀವ ಬಂದೀತು. ಹೆಂಗಸರಿದ್ದ ಕಟ್ಟಡ 1940ರ ಬೆಂಕಿಯಲ್ಲಿ ಹೋಯಿತು. ಅವರು ಕೆತ್ತಿದ್ದರೆ ಅದೂ ಹೋಯಿತು. ಈ ಕಾವ್ಯವನ್ನು ಮೆಚ್ಚುವಾಗ ಆ ಖಾಲಿ ಜಾಗವೂ ನಮ್ಮ ಕಣ್ಣಮುಂದಿರಬೇಕು.

4

ಸದರ್‌ಲ್ಯಾಂಡರ 'ಸಾಮಾನ್ಯ ಮನುಷ್ಯ' ಸತ್ತಿಲ್ಲ. 1975ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು, ಮೆಕ್ಸಿಕನ್ ಹಾಗೆ ಕಾಣುತ್ತಾನೆ ಅಂತ ಮಾತ್ರಕ್ಕೆ ಗಡಿ ಪೊಲೀಸರು ಗಾಡಿ ತಡೆಯುವಂತಿಲ್ಲ, ಆದರೆ ಹಲವು ಕಾರಣಗಳಲ್ಲಿ ಅದೂ ಒಂದಾಗಬಹುದು ಅಂದಿತ್ತು. 2025ರ ಬೇಸಿಗೆಯಲ್ಲಿ ಲಾಸ್ ಏಂಜಲಿಸ್‌ನ ಬೀದಿಗಳಲ್ಲಿ ಮುಸುಕು ಹಾಕಿದ ವಲಸೆ ಪೊಲೀಸರು ಕಾರು ತೊಳೆಯುವವರನ್ನು, ಕೂಲಿಗೆ ಕಾದು ನಿಂತವರನ್ನು ಹಿಡಿದರು. ಪೌರರೂ ಆ ಬಲೆಯಲ್ಲಿ ಸಿಕ್ಕರು. ಜುಲೈಯಲ್ಲಿ ಕೆಳ ಕೋರ್ಟು, ನಾಲ್ಕು ಗುರುತುಗಳನ್ನು ಮಾತ್ರ ನೆಚ್ಚಿ ಯಾರನ್ನೂ ತಡೆಯಬೇಡಿ ಅಂತ ಆದೇಶ ಮಾಡಿತು: ಜನಾಂಗ, ಸ್ಪ್ಯಾನಿಷ್ ಮಾತು ಇಲ್ಲವೇ ಇಂಗ್ಲಿಷಿನ ಉಚ್ಚಾರ, ನಿಂತ ಜಾಗ, ಮಾಡುವ ಕೆಲಸ. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಮೂವರು ನ್ಯಾಯಾಧೀಶರು ವಿರೋಧಿಸಿ ಬರೆದರು.

ಆ ನಾಲ್ಕನ್ನು ಕನ್ನಡದಲ್ಲಿ ಹೇಳಿನೋಡಿ: ಹುಟ್ಟು, ನುಡಿ, ಕೇರಿ, ಕಸುಬು. ಜಾತಿ ಗುರುತಿಸಲಿಕ್ಕೆ ನಮ್ಮ ಊರಿನವರು ಬೇರೆ ಏನನ್ನಾದರೂ ನೋಡುತ್ತಾರೆಯೇ? ಹೆಸರು ಕೇಳ್ತಾರೆ, ಮಾತಿನ ರಾಗ ಕೇಳ್ತಾರೆ, ಯಾವ ಕೇರಿ ಅಂತಾರೆ, ಏನ್ ಕೆಲ್ಸ ಅಂತಾರೆ. ಅಮೆರಿಕದ ವಲಸೆ ಪೊಲೀಸನಿಗೂ ಜಾತಿಪದ್ಧತಿಗೂ ವಂಶವೃಕ್ಷ ಬರೆಯುವ ಅಗತ್ಯವಿಲ್ಲ. ಕಾಗದ ನೋಡುವ ಮೊದಲೇ ಮೈ ಓದುವ ವಿದ್ಯೆ ಎರಡಕ್ಕೂ ಗೊತ್ತು, ಅಷ್ಟೆ.

ಪರಿಣಾಮ ಹಿಡಿದು ಒಯ್ದವರ ಮೇಲೆ ಮಾತ್ರ ಆಗೋದಿಲ್ಲ. ಕಾಗದವಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಹಕ್ಕುಂಟು ಅಂತ 1982ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2025ರ ಜನವರಿಯಲ್ಲಿ ಶಾಲೆ, ಚರ್ಚು, ಆಸ್ಪತ್ರೆಗಳಲ್ಲಿ ವಲಸೆ ದಸ್ತಗಿರಿಗೆ ಇದ್ದ ಹಳೆಯ ತಡೆಯನ್ನು ಸರ್ಕಾರ ತೆಗೆದುಹಾಕಿತು. ಹಕ್ಕು ಪುಸ್ತಕದಲ್ಲಿರುತ್ತೆ, ತಾಯಿ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ತಾಳೆ. ಠಾಣೆಯ ಮೆಟ್ಟಿಲು ಗಡೀಪಾರಿನ ಮೆಟ್ಟಿಲಾದರೆ ಕೂಲಿ ನುಂಗಿದ ಧಣಿಯ ಮೇಲೆ ದೂರು ಕೊಡುವವರು ಯಾರು?

ಇದಕ್ಕೆ ನಮ್ಮವರದೇ ಉದಾಹರಣೆ ಇದೆ. ಲಕಿರೆಡ್ಡಿ ಬಾಲಿರೆಡ್ಡಿ ಆಂಧ್ರದ ವೆಲ್ವಡಂ ಊರಿನವನು, ಬರ್ಕಲಿ ನಗರದ ದೊಡ್ಡ ಮನೆಮಾಲೀಕ. ಊರಿನ ದಲಿತ ಹುಡುಗಿಯರನ್ನು ಬೇರೆಯವರ ಮಕ್ಕಳೆಂದು ಸುಳ್ಳು ಕಾಗದ ಮಾಡಿಸಿ ಕರೆತಂದು, ದುಡಿಸಿ, ಲೈಂಗಿಕವಾಗಿ ಬಳಸಿಕೊಂಡ. 1999ರ ನವೆಂಬರಿನಲ್ಲಿ ಅವನ ಕಟ್ಟಡದಲ್ಲಿ ವಿಷಗಾಳಿಯಿಂದ ಒಬ್ಬ ಹುಡುಗಿ ಸತ್ತಳು. ಈ ವಯಸ್ಸಿನವಳು ಶಾಲೆಯಲ್ಲಿ ಯಾಕಿರಲಿಲ್ಲ ಅಂತ ಕೇಳಿ ಬೆನ್ನುಹತ್ತಿದ್ದು ಅಲ್ಲಿನ ಹೈಸ್ಕೂಲಿನ ಪತ್ರಿಕೆ. 2001ರಲ್ಲಿ ಅವನು ತಪ್ಪೊಪ್ಪಿಕೊಂಡ. ಎಂಟು ವರ್ಷದ ಮೇಲೆ ಜೈಲು ಆಯಿತು. ಚೀನೀಯರು ಬದುಕಲಿಕ್ಕೆ ಕಾಗದದ ಮಕ್ಕಳಾದರು. ಈ ಹುಡುಗಿಯರನ್ನು ಜೀತಕ್ಕಾಗಿ ಕಾಗದದ ಮಕ್ಕಳು ಮಾಡಿದರು. ಗಡೀಪಾರಿನ ಭಯ ಒಂದು ಕಡೆ, ಊರಿನ ಜಾತಿಯ ಭಯ ಇನ್ನೊಂದು ಕಡೆ. ಧಣಿಗೆ ಬೇರೆ ಬೇಲಿ ಬೇಕಾಗಲಿಲ್ಲ. ಅದೇ ಬರ್ಕಲಿಯ ಒಂದು ಬೀದಿಗೆ ಈಗ ಬಗೈ ಅವರ ಹೆಂಡತಿ ಕಾಲಾ ಅವರ ಹೆಸರಿದೆ. ಹಿಂದೆ ಆ ಊರಿಗೆ ಮನೆ ಮಾಡಲು ಬಂದಾಗ ನೆರೆಯವರು ಬೀಗ ಹಾಕಿ ತಡೆದಿದ್ದರಂತೆ. ಹೆಸರಿಟ್ಟದ್ದು ಒಳ್ಳೆಯದೇ ಆಯಿತು. ಸತ್ತ ಹುಡುಗಿಯನ್ನು ನೆನೆಯುವ ಸಾಲನ್ನೂ ಯಾರಾದರೂ ಬರೆಯಬೇಕು.

5

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕಾಲಿಗೆ ಬೇಡಿ ಹಾಕಿ ಅಮೃತಸರಕ್ಕೆ ತಂದು ಇಳಿಸಿತು. ಇದು 2012ರಿಂದ ಇರುವ ಪದ್ಧತಿ ಅಂತ ವಿದೇಶಾಂಗ ಮಂತ್ರಿಗಳು ರಾಜ್ಯಸಭೆಯಲ್ಲಿ ವಿವರಿಸಿದರು. ಆಗ ನಮ್ಮ ಓದಿದ ಜನರಲ್ಲಿ ಕೇಳಿಬಂದ ಮಾತು: ಕಳ್ಳದಾರಿಲಿ ಹೋದೋರಿಗೆ ಇನ್ನೇನಾಗುತ್ತೆ, ನಾವು ವೀಸಾ ತಗೊಂಡು ಹೋದೋರು. ಇದು ಥಿಂಡರ ವಾದದ ಹೊಸ ಮುದ್ರಣ. ಅದೇ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಹೊರಟಾಗ ವೀಸಾದವರಿಗೂ ನಿದ್ದೆ ಹೋಯಿತು. ಸಾಮಾನ್ಯ ಮನುಷ್ಯನ ಕಣ್ಣಿಗೆ ಇಬ್ಬರೂ ಒಂದೇ.

ಅಮೆರಿಕವನ್ನು ಬೈದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರೆಂದು ಹೇಳಿ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಈಶಾನ್ಯ ರಾಜ್ಯಗಳವರ ಜೊತೆ ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಹೈಕೋರ್ಟು ಆ ಕ್ರಮವನ್ನು ಆಕ್ಷೇಪಿಸಿತು. ಗುಡಿಸಲು, ಗುಜರಿ, ಬೇರೆ ಥರದ ಮಾತು, ಕಪ್ಪು ಮೈ: ಅಲ್ಲೂ ಕಾಗದಕ್ಕಿಂತ ಮೊದಲು ಓದಿದ್ದು ಇವನ್ನೇ. ಕನ್ನಡದವನೆಂಬ ಗುರುತು ಕನ್ನಡ ನೆಲದಲ್ಲೇ ಬಡವನ ಸೂರು ಉಳಿಸಲಿಲ್ಲ.

ಕನ್ನಡದಲ್ಲಿ ಅಮೆರಿಕದ ಪ್ರವಾಸಕಥನಗಳು ಬೇಕಾದಷ್ಟಿವೆ. ಹೋಟೆಲಿನ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವವನು ಅವುಗಳಲ್ಲಿ ಎಷ್ಟು ಕಡೆ ಮಾತಾಡಿದ್ದಾನೆ ಅಂತ ನಮ್ಮ ವಿದ್ಯಾರ್ಥಿಗಳು ಹುಡುಕಲಿ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ಅಲ್ಲಿನ ಭಾರತೀಯರಲ್ಲಿ ಯಾರು ಪರ ನಿಂತರು, ಯಾರು ವಿರೋಧಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯದ ಮಸೂದೆಗೆ ರಾಜ್ಯಪಾಲರು ಸಹಿ ಹಾಕದೆ ವಾಪಸು ಕಳಿಸಿದಾಗ ಯಾರು ಸಂಭ್ರಮಿಸಿದರು, ಅದನ್ನೂ ಓದಲಿ. ವಲಸೆಗಾರನಾಗಿ ಹಕ್ಕು ಕೇಳುವವನು ಮೇಲ್ಜಾತಿಯವನಾಗಿ ಹಕ್ಕು ತಡೆಯುವುದನ್ನು ಈ ದಾಖಲೆಗಳು ಒಟ್ಟಿಗೇ ತೋರಿಸುತ್ತವೆ.

ನನಗೆ ವಿಮರ್ಶೆಯ ಅಳತೆಗೋಲು ಇಷ್ಟೇ. ಹಕ್ಕು ಕೇಳುವ ಯಾವ ಬರಹ ಬಂದರೂ, ಅದು ತನಗಿಂತ ಕೆಳಗಿರುವವನನ್ನು ತೋರಿಸಿ ಕೇಳುತ್ತಿದೆಯೋ, ತನ್ನ ಹಿಂದೆ ಸಾಲಿನಲ್ಲಿ ನಿಂತವನನ್ನು ಸೇರಿಸಿಕೊಂಡು ಕೇಳುತ್ತಿದೆಯೋ ಅಂತ ನೋಡಬೇಕು. ನಮ್ಮ ಸಂಘಟನೆಗಳ ಮನವಿಪತ್ರಗಳಿಗೂ, ಒಳಜಾತಿಗಳ ನಮ್ಮ ಜಗಳಗಳಿಗೂ ಇದೇ ಅಳತೆ.