ಸಿದ್ಧಪ್ಪಾಜಿ ಬೆಳೆಯಲಿಲ್ಲ ಎಂದವರಾರು?

ನಮ್ಮ ಸಾಹಿತ್ಯದ ತರಗತಿಗಳಲ್ಲಿ ಒಂದು ತೀರ್ಪು ಬಹಳ ಕಾಲದಿಂದ ಯಾರ ತಕರಾರೂ ಇಲ್ಲದೆ ಕೂತಿದೆ. ಜನಪದ ಮಹಾಕಾವ್ಯದ ನಾಯಕರು ಪವಾಡಪುರುಷರು. ಹುಟ್ಟುವಾಗಲೇ ಎಲ್ಲ ಬಲ್ಲವರು. ಅವರಿಗೆ ಒಳತೋಟಿಯಿಲ್ಲ, ಸಂಬಂಧಗಳ ಸಿಕ್ಕಿಲ್ಲ, ಬೆಳವಣಿಗೆಯಿಲ್ಲ ಎಂಬುದು ಆ ತೀರ್ಪು. ಈಚೆಗೆ ಅದಕ್ಕೊಂದು ಬಾಲ ಸೇರಿಕೊಂಡಿದೆ. ರಾಮನಗರ, ಕನಕಪುರ, ಚನ್ನಪಟ್ಟಣ, ಮಾಗಡಿಯ ಕಾಲೇಜು ಹುಡುಗರು ಸ್ಪೈಡರ್‌ಮ್ಯಾನ್ ಬಗ್ಗೆ, ಐರನ್ ಮ್ಯಾನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ಸ್ಪೈಡರ್‌ಮ್ಯಾನ್ ಹುಡುಗನಿಗೆ ಗುರುವೋ ಅಪ್ಪನೋ, ಕ್ಯಾಪ್ಟನ್ ಅಮೆರಿಕ ಗೆಳೆಯನಿಗಾಗಿ ಗೆಳೆಯನನ್ನೇ ಎದುರು ಹಾಕಿಕೊಂಡದ್ದು ಸರಿಯೋ ತಪ್ಪೋ ಎಂದು ಜಗಳಕ್ಕೇ ಬೀಳುತ್ತಾರೆ. ಅದನ್ನು ಕೇಳಿಸಿಕೊಂಡ ಮೇಷ್ಟರುಗಳು ತಲೆದೂಗುತ್ತಾರೆ: ಪಾತ್ರ ಅಂದರೆ ಅದಪ್ಪಾ, ನಮ್ಮ ಮಾದಪ್ಪ, ಸಿದ್ಧಪ್ಪಾಜಿಯರಲ್ಲಿ ಅದೆಲ್ಲಿದೆ?

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳುತ್ತಿರುವ ಪ್ರಶ್ನೆಗಳು ಒಳ್ಳೆಯವೇ. ಸಿಟ್ಟಿರುವುದು ಮೇಷ್ಟರುಗಳ ಮೇಲೆ. ಸಿದ್ಧಪ್ಪಾಜಿಯ ಕಥೆಯಿರುವ ಮಂಟೇಸ್ವಾಮಿ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿ ಕಾಲು ಶತಮಾನ ದಾಟಿದೆ. ಎಚ್.ಎಸ್. ಶಿವಪ್ರಕಾಶರು ಅದೇ ಮಂಟೇಸ್ವಾಮಿಯನ್ನು ರಂಗಕ್ಕೂ ತಂದರು. ಪುಸ್ತಕ ಕಪಾಟಿನಲ್ಲಿದೆ, ಹಾಡುವವರು ಊರಲ್ಲಿದ್ದಾರೆ. ಆದರೂ ಓದದೆ, ಕೇಳದೆ ತೀರ್ಪು ಕೊಡುವ ಧೈರ್ಯ ಇವರಿಗೆ ಎಲ್ಲಿಂದ ಬಂತು?

ಮೊದಲೇ ಹೇಳಿಬಿಡುತ್ತೇನೆ, ನಾನು ಸಿದ್ಧಪ್ಪಾಜಿಯ ಪಕ್ಷ. ಸಮತೂಕದ ಸಮೀಕ್ಷೆ ಬೇಕಾದವರು ಪಠ್ಯಪುಸ್ತಕ ನೋಡಿಕೊಳ್ಳಲಿ.

ಕೆಂಪಾಚಾರಿ ಎಂಬ ಹುಡುಗನಿಂದಲೇ ಶುರು ಮಾಡೋಣ. ನಿಡುಗಟ್ಟದ ಸ್ಥಿತಿವಂತ ಪಾಂಚಾಳರ ಮನೆ, ಮುದ್ದಮ್ಮನ ಕಿರಿಯ ಮಗ. ಕಥೆಯ ಆ ಊರಿನ ಹೆಸರನ್ನೇ ಹೊತ್ತ ನಿಡಘಟ್ಟ ಚನ್ನಪಟ್ಟಣ ದಾಟಿದ ಮೇಲೆ ಮೈಸೂರು ಹೆದ್ದಾರಿಯಲ್ಲಿ ಸಿಗುತ್ತದೆ. ಈಗಿನ ದಶಪಥದ ಕಾಮಗಾರಿಯನ್ನು ಎರಡು ಪಾಲು ಮಾಡಿದ್ದೂ ಅಲ್ಲಿಯೇ. ಕಲ್ಯಾಣದಲ್ಲಿ ಶರಣರನ್ನು ಒರೆಗೆ ಹಚ್ಚಿ, ಅಲ್ಲಿನ ಬಾಗಿಲಲ್ಲಿ ತಡೆಸಿಕೊಂಡು, ತಿಪ್ಪೆಯ ಮೇಲೆ ಮಲಗಿ, ಕೊನೆಗೆ ಬಸವಣ್ಣನಿಂದಲೇ ಗುರುತಿಸಿಕೊಂಡ ಮಂಟೇಸ್ವಾಮಿ ತೆಂಕಣಕ್ಕೆ ಇಳಿದು ಬರುತ್ತಾನೆ. ಬಂದವನು ಕೇಳುವುದು ಮುದ್ದಮ್ಮನ ಈ ಮಗನನ್ನು. ತಾಯಿ ಕೊಡುವುದಿಲ್ಲ. ಗುರು ಬಿಡುವುದಿಲ್ಲ. ಆ ಮನೆಗೆ ಸಂಕಟ ತಂದೊಡ್ಡಿಯೇ ಹುಡುಗನನ್ನು ಎಳೆದುಕೊಳ್ಳುತ್ತಾನೆ. ಆಮೇಲೆ ಅವನನ್ನು ಗವಿಯೊಳಗೆ ಕೂಡಿ ಬಾಗಿಲು ಮುಚ್ಚುತ್ತಾನೆ. ಹೊರಬಂದವನು ಕೆಂಪಾಚಾರಿಯಲ್ಲ, ಸಿದ್ಧಯ್ಯ; ಜನರ ಬಾಯಲ್ಲಿ ಸಿದ್ಧಪ್ಪಾಜಿ.

ಪವಾಡದ ಶಕ್ತಿ ಬಂದ ಬಗೆಯನ್ನು ಗಮನಿಸಿ. 1962ರಲ್ಲಿ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ ಹುಟ್ಟಿಸಿದ ಪೀಟರ್ ಪಾರ್ಕರನಿಗೆ ಜೇಡ ಕಚ್ಚಿತು, ಶಕ್ತಿ ಪುಕ್ಕಟೆ ಬಂತು. ತಾನು ಹಿಡಿಯದೆ ಬಿಟ್ಟ ಕಳ್ಳನೇ ಚಿಕ್ಕಪ್ಪ ಬೆನ್‌ನನ್ನು ಕೊಂದಾಗ ಆ ಶಕ್ತಿಗೆ ಬೆಲೆ ಬಿತ್ತು. ಸಿದ್ಧಯ್ಯನಿಗೆ ಬೆಲೆ ಮೊದಲು, ಶಕ್ತಿ ಆಮೇಲೆ. ಅವನು ತಪ್ಪು ಮಾಡಿ ಪಶ್ಚಾತ್ತಾಪ ಪಟ್ಟವನಲ್ಲ. ತಪ್ಪೇ ಮಾಡದೆ ತಾಯಿಯನ್ನು ಕಳೆದುಕೊಂಡವನು. ಪಶ್ಚಾತ್ತಾಪವಿದ್ದರೆ ಮಾತ್ರ ಬೆಳವಣಿಗೆ ಎನ್ನುವ ಲೆಕ್ಕ ನಮ್ಮಲ್ಲಿ ನವ್ಯದವರು ಹಾಕಿಕೊಟ್ಟದ್ದು. 1965ರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ದಾರಿಯುದ್ದಕ್ಕೂ ತಮ್ಮೊಳಗೇ ತರ್ಕ ಮಾಡಿಕೊಂಡು ನಡೆದರು; ಅಂದಿನಿಂದ ಒಳಗೊಳಗೇ ಮಾತಾಡಿಕೊಳ್ಳದ ಪಾತ್ರ ನಮ್ಮ ವಿಮರ್ಶಕರ ಕಣ್ಣಿಗೆ ಪಾತ್ರವೇ ಅಲ್ಲ. ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ನೀಲಗಾರ ಸಿದ್ಧಯ್ಯನ ಮನಸ್ಸನ್ನು ಹೊರಗೇ ಇಡುತ್ತಾನೆ: ಅವನ ಕೈಯಲ್ಲಿ, ಕಾಲಲ್ಲಿ, ಹೋಗಬೇಕಾದ ಊರಿನಲ್ಲಿ.

ಆ ಊರು ಹಲಗೂರು. ಮಠ ಕಟ್ಟಲು ಹಾರೆ, ಗುದ್ದಲಿ ಬೇಕು, ಅದಕ್ಕೆ ಕಬ್ಬಿಣ ಬೇಕು. ಗುರು ಸಿದ್ಧಯ್ಯನನ್ನು ಕಬ್ಬಿಣದ ಭಿಕ್ಷಕ್ಕೆ ಕಳಿಸುತ್ತಾನೆ. ಯಾರ ಹತ್ತಿರ? ಹಲಗೂರಿನ ಪಾಂಚಾಳರ ಹತ್ತಿರ. ಒಂದು ಕ್ಷಣ ಇಲ್ಲಿ ನಿಲ್ಲಿ. ಹುಟ್ಟಿನಿಂದ ಪಾಂಚಾಳನಾದವನನ್ನು ಜೋಳಿಗೆ ಹಾಕಿಸಿ, ಪಾಂಚಾಳರದೇ ಬಾಗಿಲಿಗೆ, ಅವರ ಕಸುಬಿನದೇ ಸರಕನ್ನು ಬೇಡಲು ಅಟ್ಟಲಾಗಿದೆ. ಅವನ ಕೈ ಬಡಿಯಬೇಕಿದ್ದ ಕಬ್ಬಿಣವನ್ನು ಆ ಕೈ ಬೇಡಬೇಕು. ಜೋಳಿಗೆ ಹೊತ್ತು ಬಂದವನು ಅವರ ಕಣ್ಣಿಗೆ ತಿರುಕ. ಕಬ್ಬಿಣ ಕೊಡುವ ಬದಲು ಪರೀಕ್ಷೆ ಒಡ್ಡುತ್ತಾರೆ. ಪಾಷಾಣ ಕುಡಿ ಎನ್ನುತ್ತಾರೆ, ಕುಡಿಯುತ್ತಾನೆ. ಕುಲುಮೆಯಿಂದ ತೆಗೆದ ಕೆಂಪಗೆ ಕಾದ ಕಬ್ಬಿಣವನ್ನು ಹಿಡಿ ಎನ್ನುತ್ತಾರೆ, ಹಿಡಿಯುತ್ತಾನೆ. ಗೆದ್ದ ಮೇಲೆ ಅವನ ಕೋಪಕ್ಕೆ ಹಲಗೂರೇ ಉರಿಯುತ್ತದೆ.

ಇದನ್ನು ಪವಾಡ ಎಂದು ಕರೆದು ಪುಟ ತಿರುಗಿಸಿದರೆ ಕಾವ್ಯವೇ ಕೈತಪ್ಪುತ್ತದೆ. ಇಲ್ಲಿ ಗೆದ್ದವನು ಯಾರು? ತನ್ನ ಕುಲದ ಕಸುಬನ್ನು ಸುಟ್ಟವನು, ಇನ್ನೆಂದೂ ನಿಡುಗಟ್ಟದ ಮನೆಗೆ ಮಗನಾಗಿ ಮರಳಲಾಗದವನು. ಗುರು ಅವನನ್ನು ತಾಯಿಯಿಂದ ಒಮ್ಮೆ ಬಿಡಿಸಿದ್ದ. ಹಲಗೂರಿನಲ್ಲಿ ಅವನು ತಾನೇ ತನ್ನನ್ನು ಕುಲದಿಂದ ಬಿಡಿಸಿಕೊಂಡ. ಮೊದಲನೆಯದು ಬಲವಂತ, ಎರಡನೆಯದು ಬೆಳವಣಿಗೆ. ಆ ಬೆಳವಣಿಗೆ ಚಂದವಾಗಿದೆ ಎಂದು ನಾನು ಹೇಳುತ್ತಿಲ್ಲ. ಭಯಂಕರವಾಗಿದೆ. 2021ರ ಸ್ಪೈಡರ್‌ಮ್ಯಾನ್ ಚಿತ್ರದ ಕೊನೆಯಲ್ಲಿ ಲೋಕಕ್ಕೆಲ್ಲ ಪೀಟರನ ನೆನಪೇ ಅಳಿಸಿಹೋದಾಗ ಇಲ್ಲಿನ ಹುಡುಗರು ಕಣ್ಣೀರು ಹಾಕಿದರು. ಸಿದ್ಧಯ್ಯನನ್ನು ಅವನ ಲೋಕ ಮರೆಯಲಿಲ್ಲ. ಅವನೇ ಅದನ್ನು ಸುಟ್ಟು ಬಂದ. ಯಾವುದು ದೊಡ್ಡ ಒಂಟಿತನ, ಹೇಳಿ?

ಈ ಪ್ರಸಂಗ ನಮ್ಮ ನಾಲ್ಕು ತಾಲ್ಲೂಕಿನವರಿಗೆ ಬೇರೆಯವರಿಗಿಂತ ಹೆಚ್ಚು ತಾಗಬೇಕು. ಕನಕಪುರದಿಂದ ಸಾತನೂರು ದಾಟಿದರೆ ಮಳವಳ್ಳಿ ರಸ್ತೆಯಲ್ಲಿ ಹಲಗೂರು. ಇದು ಕಬ್ಬಿಣದ ಸೀಮೆ. 1800ರಲ್ಲಿ ಇಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಸುತ್ತಿನಲ್ಲಿ ಕಬ್ಬಿಣ ಕರಗಿಸುವುದನ್ನು ಕಂಡು ಬರೆದಿಟ್ಟಿದ್ದಾನೆ. ಬೊಂಬೆಯ ಊರೆಂದು ಹೆಸರಾಗುವ ಮೊದಲು ಚನ್ನಪಟ್ಟಣ ಉಕ್ಕಿನ ತಂತಿಗೆ ಹೆಸರುವಾಸಿ; ವಾದ್ಯಗಳಿಗೆ ಬಿಗಿಯುವ ಆ ತಂತಿಗೆ ದೂರದೂರದಲ್ಲಿ ಬೇಡಿಕೆಯಿತ್ತು. ಕುಲುಮೆ ನಂದಿದರೆ ಒಂದು ಮನೆಯ ಒಲೆ ನಂದುತ್ತದೆ ಎಂದು ಗೊತ್ತಿದ್ದ ಜನರ ನಡುವೆ ಈ ಕಥೆ ಹಾಡಿಸಿಕೊಂಡಿತು. ಕಬ್ಬಿಣ ಕೊಡದವರ ಸೊಕ್ಕನ್ನೂ ಅವರ ನಷ್ಟವನ್ನೂ ಒಟ್ಟಿಗೆ ಬಲ್ಲ ಕೇಳುಗರು ಅವರು. ನೀಲಗಾರರಲ್ಲಿ ಹಲವು ಜಾತಿಯವರಿದ್ದಾರೆ, ದಲಿತರು ಹೆಚ್ಚು. ಕಸುಬಿನ ಬಲದಿಂದ ಮೇಲೆ ಕೂತವರ ಮನೆಯ ಮಗನನ್ನೇ ಕರೆತಂದು ಭಿಕ್ಷಕ್ಕೆ ಇಳಿಸುವ ಕಥೆಯನ್ನು ಅವರು ಹಾಡುವಾಗ ಅದರಲ್ಲಿ ಭಕ್ತಿಯೊಂದೇ ಇರುತ್ತದೆ ಎಂದುಕೊಂಡವರು ಕಿವಿ ತೊಳೆದುಕೊಳ್ಳಬೇಕು.

ಹರಕೆಗೆ ಕಥೆ ಮಾಡಿಸಿದ ಮನೆಗಳ ಮುಂದೆ ಕೂತು ಕೇಳಿದವರಿಗೆ ಗೊತ್ತು. ಒಬ್ಬ ತಂಬೂರಿ, ಒಬ್ಬ ಡಕ್ಕಿ, ಒಬ್ಬ ತಾಳ. ಮುದ್ದಮ್ಮ ಮಗನನ್ನು ಕೊಡಲೊಲ್ಲೆ ಎನ್ನುವ ಜಾಗಕ್ಕೆ ಬಂದಾಗ ಮುಂದಾಳು ಸ್ವರ ತಗ್ಗಿಸಿ ಮಾತಿಗೆ ಇಳಿಯುತ್ತಾನೆ, ಡಕ್ಕಿ ನಿಲ್ಲುತ್ತದೆ. ಆಗ ಹೆಂಗಸರ ಕಡೆಯಿಂದ ಮಾತು ಏಳುತ್ತದೆ. “ಗುರುವಾದರೇನು, ಹೆತ್ತೋಳ ಹೊಟ್ಟೆ ಉರಿಸಬೌದಾ?” ಎಂದು ಒಬ್ಬಳು. “ಕೊಡದೆ ಮಡಿಕೊಂಡಿದ್ರೆ ಕೆಂಪಾಚಾರಿಯಾಗೇ ಸಾಯ್ತಿದ್ದ ಕಣಕ್ಕಾ, ಸಿದ್ಧಪ್ಪಾಜಿ ಎಲ್ಲಾಗ್ತಿದ್ದ?” ಎಂದು ಇನ್ನೊಬ್ಬಳು. ಹಾಡುವವನು ಇಬ್ಬರಿಗೂ ಹೂಂಗುಟ್ಟಿ ಕಥೆ ಎತ್ತಿಕೊಳ್ಳುತ್ತಾನೆ. ನಾಯಕನ ಸಂಬಂಧಗಳ ಬಗ್ಗೆ, ಅವನು ಬೆಳೆದ ದಾರಿಯ ಬಗ್ಗೆ ಅಭಿಮಾನಿಗಳ ಚರ್ಚೆ ಎಂದರೆ ಇದಲ್ಲದೆ ಮತ್ತೇನು? ಪ್ಯಾಂಟು ತೊಟ್ಟ ಹುಡುಗ ಟೋನಿ ಸ್ಟಾರ್ಕನ ಬಗ್ಗೆ ಆಡಿದರೆ ವಿಶ್ಲೇಷಣೆ, ಸೆರಗು ಹೊದ್ದ ಅಜ್ಜಿ ಮುದ್ದಮ್ಮನ ಬಗ್ಗೆ ಆಡಿದರೆ ಮುಗ್ಧ ಭಕ್ತಿ. ಈ ಭೇದ ಮಾಡಿದವರು ಯಾರು ಎಂದು ಹೇಳಬೇಕಿಲ್ಲ.

ಮಾದಪ್ಪನ ಒಕ್ಕಲಿನವರು ಈಗ ನನ್ನ ಕಡೆ ನೋಡುತ್ತಿರಬಹುದು. ಶಿವರಾತ್ರಿ ಹತ್ತಿರವಾದಾಗ ಸಂಗಮದ ಬಳಿ ಕಾವೇರಿ ದಾಟಿ, ಕಾಡು ಹಾದು ಬೆಟ್ಟಕ್ಕೆ ನಡೆಯುವ ನಮ್ಮ ಸೀಮೆಯ ಜನಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಕಾವ್ಯದ ನಾಯಕನಾಗಿ ಮಾದಪ್ಪ ನನಗೆ ಅಷ್ಟು ಹಿಡಿಸುವುದಿಲ್ಲ. ಹುಲಿ ಏರಿದ ಮೇಲೆ ಅವನಿಗೆ ಕಳೆದುಕೊಳ್ಳುವಂಥದ್ದು ಕಡಿಮೆ. ಬೇವಿನಹಟ್ಟಿ ಕಾಳಮ್ಮ ಎಳ್ಳು ಕೊಡದಿದ್ದರೆ ಅವಳ ಐಶ್ವರ್ಯ ಹೋಯಿತು. ಮಾದಪ್ಪನಿಗೆ ಏನೂ ಹೋಗಲಿಲ್ಲ. ದೊರೆ ಶ್ರವಣನನ್ನು ಕೊಂದದ್ದು ಕೂಡ ಹರಳಯ್ಯ ಹೊಲಿದ ಕೆರದ ಜಾಣತನದಿಂದ. ಆ ಕಾವ್ಯದಲ್ಲಿ ಬೆಳೆಯುವ ಪಾತ್ರ ಸಂಕಮ್ಮ. ಕಾಡಿಗೆ ಹೊರಟ ಗಂಡ ನೀಲೇಗೌಡ ಶೀಲಕ್ಕೆ ಭಾಷೆ ಕೊಡು ಎಂದಾಗ ಅವಳು ಕೊಡುವುದಿಲ್ಲ. ಕೊಟ್ಟುಬಿಟ್ಟಿದ್ದರೆ ಎಲ್ಲ ಸುಗಮ. ನಂಬಿಕೆಯಿಲ್ಲದ ಗಂಡನಿಗೆ ಕೈಮೇಲೆ ಕೈಯಿಟ್ಟು ಆಣೆ ಮಾಡುವುದೇ ಅವಮಾನ ಎಂದು ಅವಳಿಗೆ ಗೊತ್ತು. ಹಿಂಸೆ ಉಂಡಳು, ಕೂಡಿಹಾಕಿಸಿಕೊಂಡಳು, ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯರನ್ನು ಹೆತ್ತಳು, ಗಂಡ ಮರಳಿದಾಗ ದಿವ್ಯಕ್ಕೂ ನಿಂತಳು. ವರ ಕೊಟ್ಟ ದೇವರು ಆ ಮಕ್ಕಳನ್ನೇ ತನ್ನ ಒಕ್ಕಲೆಂದು ಕೇಳಿದ. ಮುದ್ದಮ್ಮನ ಕಥೆಯೇ ಇಲ್ಲಿ ಮತ್ತೆ ಬಂತು ನೋಡಿ. ನಮ್ಮ ಕಾವ್ಯಗಳಲ್ಲಿ ಶಕ್ತಿ ಯಾವಾಗಲೂ ಒಬ್ಬ ತಾಯಿಯ ಲೆಕ್ಕದಲ್ಲಿ ಸಾಲವಾಗಿ ಬರೆದಿರುತ್ತದೆ.

ಸಂಕಮ್ಮನ ಬಗ್ಗೆ ಜನ ಬೀದಿಗಿಳಿದು ಮಾತಾಡಿದ ಸಂದರ್ಭವೂ ಬಂತು. 2020ರಲ್ಲಿ ಚಂದನ್ ಶೆಟ್ಟಿಯವರ ಕೋಲುಮಂಡೆ ರ‍್ಯಾಪ್ ಹಾಡಿನ ವಿಡಿಯೊದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಕೆರಳಿದರು. ಶೆಟ್ಟಿಯವರು ಕ್ಷಮೆ ಕೇಳಿದರು, ವಿಡಿಯೊ ಹಿಂದೆ ಸರಿಯಿತು. ಸಂಕಮ್ಮನ ಉಡುಪಿನ ಬಗ್ಗೆ ಅಷ್ಟು ಗದ್ದಲವಾಯಿತಲ್ಲ, ಭಾಷೆ ಕೊಡಲೊಲ್ಲೆ ಎಂದ ಅವಳ ಬಾಯಿಯ ಬಗ್ಗೆ ಎಷ್ಟು ಜನ ಮಾತಾಡಿದರು? ಭಕ್ತಿಗೀತೆಯ ಕ್ಯಾಸೆಟ್ಟುಗಳ ಕಾಲದಿಂದಲೂ ಆದದ್ದು ಇದೇ. ಜಗಳವಿರುವ ಭಾಗ ಕತ್ತರಿಸಿ, ಮಹಿಮೆಯ ಭಾಗ ಉಳಿಸಿಕೊಂಡರು. ಮಹಿಮೆ ಮಾತ್ರ ಕೇಳಿ ಬೆಳೆದ ಪೀಳಿಗೆ, ನಮ್ಮ ನಾಯಕರು ಬೆಳೆಯುವುದಿಲ್ಲ ಎಂದರೆ ತಪ್ಪು ಅವರದಲ್ಲ.

ಮಗನನ್ನು ಕಳೆದುಕೊಂಡ ತಾಯಿಯ ಎಳೆಯನ್ನು ಸಿನಿಮಾ ಒಮ್ಮೆ ಹಿಡಿದಿತ್ತು. 2005ರ ಪ್ರೇಮ್ ನಿರ್ದೇಶನದ ‘ಜೋಗಿ’ಯಲ್ಲಿ ಶಿವರಾಜಕುಮಾರರ ನಾಯಕನ ಹೆಸರು ಮಾದೇಶ. ಬೆಂಗಳೂರಿಗೆ ಬಂದ ಮಗ ರೌಡಿಯಾಗಿ ಹೆಸರು ಮಾಡುತ್ತಾನೆ. ಅರುಂಧತಿ ನಾಗ್ ಮಾಡಿದ ತಾಯಿ ಅವನನ್ನು ಹುಡುಕಿ ಬೀದಿ ಬೀದಿ ಅಲೆಯುತ್ತಾಳೆ. ಜನ ಥಿಯೇಟರಿಗೆ ನುಗ್ಗಿದರು. ವಿಮರ್ಶಕರು ಅದನ್ನು ತಾಯಿ ಸೆಂಟಿಮೆಂಟ್ ಎಂದು ಮೂಗು ಮುರಿದರು. ಮಗನನ್ನು ಯಾವುದೋ ಶಕ್ತಿ ಎಳೆದುಕೊಂಡು ಹೋಗುವುದು, ಆ ಶಕ್ತಿಯಿಂದಲೇ ಅವನು ದೊಡ್ಡವನಾಗುವುದು, ತಾಯಿ ಬಾಗಿಲಲ್ಲೇ ಉಳಿಯುವುದು: ಇದು ಈ ನೆಲದ ಹಳೆಯ ನೋವು ಎಂದು ಗುರುತಿಸಲು ಅವರಿಗೆ ಪುರುಸೊತ್ತಾಗಲಿಲ್ಲ.

ನಮ್ಮ ಊರಿನ ಅಭಿರುಚಿಯೇ ಹೀಗೆ ಎರವಲಾಗಿದೆ. ರಾಮದೇವರ ಬೆಟ್ಟಕ್ಕೆ ಬರುವವರು ಇವತ್ತಿಗೂ ಕೇಳುವುದು ಗಬ್ಬರ್ ಸಿಂಗ್ ಯಾವ ಬಂಡೆ ಮೇಲೆ ಕೂತಿದ್ದ ಎಂದು. ‘ಶೋಲೆ’ 1975ರಲ್ಲಿ ಬಂತು. ಜಯ್, ವೀರೂ ಸ್ನೇಹವನ್ನು ದೇಶವೇ ಕೊಂಡಾಡಿತು. ಬೆಟ್ಟ ನಮ್ಮದು, ಕಥೆ ನಮ್ಮದಲ್ಲ. ಅಲ್ಲಿಂದ ಸ್ವಲ್ಪ ದೂರಕ್ಕೇ, ಚನ್ನಪಟ್ಟಣದ ದಾರಿಯಲ್ಲಿ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅವರ ದುಡಿಮೆಗೆ ಸಾಟಿಯಿಲ್ಲ. ಆದರೆ ಅಲ್ಲಿಗೆ ಬಸ್ಸಿನಲ್ಲಿ ಬಂದಿಳಿಯುವ ಶಾಲಾ ಮಕ್ಕಳಿಗೆ ತಂಬೂರಿ, ಕಂಸಾಳೆ ಹಳೆಯ ಕಾಲದ ಸಾಮಾನು. ಸರ್ಕಾರಿ ಉತ್ಸವಗಳಲ್ಲಿ ಕಂಸಾಳೆ ಒಬ್ಬರ ಮೇಲೊಬ್ಬರು ಹತ್ತುವ ಕಸರತ್ತಾಗಿದೆ, ಹತ್ತು ನಿಮಿಷ, ಚಪ್ಪಾಳೆ, ಶಾಲು. ಹತ್ತು ನಿಮಿಷದಲ್ಲಿ ಯಾವ ನಾಯಕ ತಾನೆ ಬೆಳೆಯುತ್ತಾನೆ? ಮಾರ್ವೆಲ್‌ನವರು ಟೋನಿ ಸ್ಟಾರ್ಕನನ್ನು ಬೆಳೆಸಿ ಸಾಯಿಸಲು 2008ರಿಂದ 2019ರವರೆಗೆ ತೆಗೆದುಕೊಂಡರು, ಅಷ್ಟು ಕಾಲವೂ ನೋಡುವವರು ಕಾದರು. ನೀಲಗಾರ ಕೇಳುವುದು ಒಂದೆರಡು ರಾತ್ರಿ.

ಹಾಗಾಗಿ ಜಗಳ ಸಿದ್ಧಪ್ಪಾಜಿ ಮತ್ತು ಸ್ಪೈಡರ್‌ಮ್ಯಾನ್ ನಡುವಿನದಲ್ಲ. ಆ ಹುಡುಗ ನಮ್ಮವನಿಗೆ ದೂರದ ದಾಯಾದಿ, ಬರಲಿ. ಜಗಳವಿರುವುದು ಕೇಳುವ ತಾಳ್ಮೆಯನ್ನು ಹೊರಗಿನ ಕಥೆಗೆ ಮೀಸಲಿಟ್ಟು, ನಮ್ಮದಕ್ಕೆ ಬರೀ ಗೌರವ ಕೊಡುವವರ ಜೊತೆ. ಗೌರವ ಕೊಟ್ಟು ಮೂಲೆಗೆ ಕೂರಿಸುವುದಕ್ಕಿಂತ ಬೈಯುವುದು ಮೇಲು. ಮಂಟೇಸ್ವಾಮಿ ಮಾಡಿದ್ದು ಅನ್ಯಾಯ ಎಂದು ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ಹೇಳಲಿ, ಹಲಗೂರನ್ನು ಸುಟ್ಟವನನ್ನು ನಾನು ಒಪ್ಪುವುದಿಲ್ಲ ಎಂದು ಒಬ್ಬ ಆಚಾರಿ ಹುಡುಗ ಹೇಳಲಿ, ಅವರಿಗೆ ನಾನು ಉತ್ತರ ಕೊಡುತ್ತೇನೆ. ಬೆಳವಣಿಗೆಯಿಲ್ಲ ಎಂದು ಷರಾ ಬರೆದು ಕೈತೊಳೆದುಕೊಂಡ ಮೇಷ್ಟರಿಗೆ ಉತ್ತರ ಕೊಡುವ ಅಗತ್ಯ ನನಗಿಲ್ಲ. ಅವರು ಮೊದಲು ಒಂದು ರಾತ್ರಿ ನಿದ್ದೆಗೆಟ್ಟು ಕಥೆ ಕೇಳಿ ಬರಲಿ.