ಕಾಲಿಳಿಸುವಷ್ಟು ಹೊತ್ತು

ಮೂಡಿಗೆರೆ ಕಡೆಯ ಹಳೆಯ ಎಸ್ಟೇಟ್ ಬಂಗಲೆಯೊಂದರ ಜಗುಲಿಯಲ್ಲಿ, ಜಡಿಮಳೆ ಹಿಡಿದ ಒಂದು ಮಧ್ಯಾಹ್ನ, ಮೊದಲ ಸಲ ಪ್ಲಾಂಟರ್ಸ್ ಚೇರಿನಲ್ಲಿ ಕೂತೆ. ಕೂತೆ ಅನ್ನುವುದಕ್ಕಿಂತ ಅದರೊಳಗೆ ಇಳಿದೆ ಅನ್ನಬೇಕು. ಬೀಟೆಯ ಚೌಕಟ್ಟು, ಬೆತ್ತದ ಹೆಣಿಗೆ. ಹಿಂದಕ್ಕೆ ಎಷ್ಟು ಇಳಿಜಾರೆಂದರೆ ಮಂಡಿಗಳು ಎದೆಯ ಮಟ್ಟಕ್ಕೆ ಬಂದವು. ಕಾಲು ಎಲ್ಲಿಡುವುದೆಂದು ತೋಚದೆ ಒದ್ದಾಡುತ್ತಿದ್ದೆ. ಮನೆಯ ಯಜಮಾನರು ನಕ್ಕು, “ಆ ಕೈಯ ಕೆಳಗೆ ಇನ್ನೊಂದು ಕೈ ಇದೆ ನೋಡಿ, ಎಳೀರಿ” ಅಂದರು.

ಇತ್ತು. ಅಗಲವಾದ ತೋಳಿನ ಅಡಿಗೆ ಅಂಟಿಕೊಂಡಂತೆ ಇನ್ನೊಂದು ಹಲಗೆ. ಅದರ ಮುಂತುದಿಗೊಂದು ಕೀಲು. ಹಿಡಿದು ಹೊರಕ್ಕೆಳೆದರೆ ಮರಕ್ಕೆ ಮರ ಉಜ್ಜಿ ಸಣ್ಣಗೆ ಗೊಣಗುತ್ತ, ಅರ್ಧ ಸುತ್ತು ತಿರುಗಿ ಮುಂದಕ್ಕೆ ಚಾಚಿ ನಿಂತಿತು. ಎಡಕ್ಕೊಂದು, ಬಲಕ್ಕೊಂದು. ಅವುಗಳ ಮೇಲೆ ಕಾಲು ಹಾಕಿದೆ. ಮೊದಲು ಹಿಮ್ಮಡಿ ಇಟ್ಟೆ. ಎರಡು ನಿಮಿಷದಲ್ಲೇ ಮೂಳೆ ಒತ್ತತೊಡಗಿತು, ಮಂಡಿಯ ಹಿಂಭಾಗ ಬಿಗಿಯಿತು. ಸೊಂಟವನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಸರಿಸಿದೆ. ಈಗ ಮೀನಖಂಡ ಹಲಗೆಯ ಮೇಲೆ ಬಂತು, ಮಂಡಿ ತುಸು ಮಡಚಿಕೊಂಡಿತು, ಪಾದಗಳು ಹಲಗೆಯಾಚೆ ಗಾಳಿಯಲ್ಲಿ ತೂಗಿದವು. ಆಗ ತೊಡೆಯ ಭಾರ, ಸೊಂಟದ ಭಾರ, ಬೆನ್ನಿನ ಭಾರ ಒಂದೊಂದಾಗಿ ಎಲ್ಲೋ ಇಳಿದುಹೋದವು. ಎದುರಿಗೆ ಕಾಫಿ ತೋಟದ ಮೇಲೆ ಮಳೆ.

ಒರಗು ಕುರ್ಚಿಯ ಮರ್ಮ ಬೆನ್ನಿನಲ್ಲಿದೆ ಎಂದು ಎಲ್ಲರೂ ತಿಳಿಯುತ್ತಾರೆ. ನನ್ನ ಪ್ರಕಾರ ಅದು ಕಾಲಿನಲ್ಲಿದೆ. ಪಾದ ನೆಲದ ಮೇಲಿಟ್ಟುಕೊಂಡೇ ಬೆನ್ನು ಹಿಂದಕ್ಕೆ ಚೆಲ್ಲಿದರೆ ಮೈ ಮೆಲ್ಲಗೆ ಮುಂದಕ್ಕೆ ಜಾರುತ್ತದೆ. ಜಾರದಂತೆ ತಡೆಯಲು ಕಾಲು ಒಳಗೊಳಗೇ ದುಡಿಯುತ್ತಿರುತ್ತದೆ. ಪುಷ್‌ಬ್ಯಾಕ್ ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿದವರಿಗೆ ಇದು ಗೊತ್ತು. ಬೆಳಗ್ಗೆ ಇಳಿಯುವಾಗ ನೋಯುವುದು ಬೆನ್ನಲ್ಲ, ಮಂಡಿ. ಮೀನಖಂಡಕ್ಕೆ ಆಸರೆ ಸಿಕ್ಕಾಗಲೇ ದೇಹಕ್ಕೆ ಕೆಲಸ ಮುಗಿಯಿತೆಂದು ನಂಬಿಕೆ ಬರುತ್ತದೆ.

ಆದರೆ ನಮ್ಮಲ್ಲಿ ಈ ಸುಖಕ್ಕೊಂದು ತೊಡಕು. ಹಿರಿಯರ ಎದುರು ಕಾಲು ಚಾಚಬಾರದು. ಗೇಟು ಕಿರ್ರೆಂದು, ಚಪ್ಪಲಿ ಬಿಡುವ ಸದ್ದಾಗಿ, ಮಾವನವರೋ ಹಳೆಯ ಮೇಷ್ಟರೋ ಒಳಗೆ ಬರುವಷ್ಟರಲ್ಲಿ ಕಾಲು ನೆಲ ಮುಟ್ಟಿರಬೇಕು. ಆದ್ದರಿಂದ ನಾನು ಈ ಕುರ್ಚಿಗಳನ್ನು ಎರಡು ಸಲ ಪರೀಕ್ಷಿಸುತ್ತೇನೆ: ಕಾಲು ಮೇಲೇರುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ. ಅಂಗಡಿಯವರು ಮೊದಲನೆಯದನ್ನು ಮಾತ್ರ ತೋರಿಸುತ್ತಾರೆ.

ಪ್ಲಾಂಟರ್ಸ್ ಚೇರು ಈ ಎರಡನೆಯ ಪರೀಕ್ಷೆಯಲ್ಲಿ ಅರ್ಧ ಪಾಸು. ಕಾಲನ್ನು ಥಟ್ಟನೆ ಎತ್ತಿ ಇಳಿಸಬಹುದು. ಯಂತ್ರದ ಹಂಗಿಲ್ಲ. ಆದರೆ ಆ ಬೆತ್ತದ ಹಳ್ಳದಿಂದ ಮೈ ಎಬ್ಬಿಸುವುದು ದೊಡ್ಡ ಕಸರತ್ತು, ಎದ್ದಮೇಲೂ ಚಾಚಿದ ಎರಡು ಹಲಗೆಗಳು ಸಾಕ್ಷಿ ಹೇಳುತ್ತ ನಿಂತಿರುತ್ತವೆ. ಅಷ್ಟಕ್ಕೂ ಅದು ಯಾರಿಗೂ ಎದ್ದು ನಿಲ್ಲಬೇಕಾಗಿರದ ಜನರ ಕುರ್ಚಿ. ಬ್ರಿಟಿಷ್ ಕಾಫಿ ದೊರೆ ತೋಟ ಸುತ್ತಿ ಬಂದು ಕಾಲು ಮೇಲಿಟ್ಟರೆ ಬೂಟು ಎಳೆಯಲು ಆಳು ಬರುತ್ತಿದ್ದ. ಕಾಲು ಅಗಲಿಸಿ ಹಾಕಬೇಕಾದ್ದರಿಂದ ಸೀರೆ ಉಟ್ಟವರಿಗೆ ಅದು ಹೇಳಿದ್ದೇ ಅಲ್ಲ. ಆ ಬಂಗಲೆಯ ಅಮ್ಮ ಹಲಗೆಗಳನ್ನು ಎಂದೂ ಎಳೆದವರಲ್ಲವಂತೆ. ಮುಂದೊಂದು ಮೋಡ, ಅಂದರೆ ಬೆನ್ನಿಲ್ಲದ ಬೆತ್ತದ ಪೀಠ, ಇಟ್ಟುಕೊಂಡು, ಜೋಡಿಸಿದ ಪಾದಗಳನ್ನು ಅದರ ಮೇಲಿಟ್ಟು ತರಕಾರಿ ಹೆಚ್ಚುತ್ತಿದ್ದರು. ನೋಡಿದರೆ ಅವರದೇ ಹೆಚ್ಚು ಜಾಣ ಏರ್ಪಾಡು. ಮೋಡವನ್ನು ಹತ್ತಿರ, ದೂರ, ಓರೆ, ಹೇಗೆ ಬೇಕಾದರೂ ಸರಿಸಬಹುದು, ಯಾರಾದರೂ ಬಂದರೆ ಅದನ್ನೇ ಅವರಿಗೆ ಕೂರಲು ಕೊಡಬಹುದು.

ನಮ್ಮ ಮನೆಯಲ್ಲಿದ್ದದ್ದು ಕ್ಯಾನ್ವಾಸಿನ ಈಜಿ ಚೇರು. ಹಿಂದಿನ ಕಚ್ಚುಗಳಲ್ಲಿ ಅಡ್ಡಕೋಲನ್ನು ಕೆಳಗಿಳಿಸಿದಷ್ಟೂ ಬೆನ್ನು ಒರಗುತ್ತಿತ್ತು, ಬೆರಳು ಸಿಕ್ಕಿಕೊಂಡರೆ ಉಗುರು ನೀಲಿಯಾಗುತ್ತಿತ್ತು. ಕಾಲಿಗೆ ಅದರಲ್ಲಿ ಏನೂ ಇಲ್ಲ. ತಾತ ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ತೃಪ್ತರಾಗುತ್ತಿದ್ದರು. ಕೇರಳದವರು ಇಂಥದ್ದನ್ನು ಚಾರುಕಸೇರೆ ಅನ್ನುತ್ತಾರೆ. ಮಲಯಾಳಂ ಸಾಹಿತಿ ವೈಕಂ ಮುಹಮ್ಮದ್ ಬಷೀರ್ ಬೇಪೂರಿನ ಮನೆಯಂಗಳದ ಮ್ಯಾಂಗೋಸ್ಟೀನ್ ಮರದಡಿ ಅದರಲ್ಲೇ ಒರಗಿ ಊರಿನವರನ್ನೆಲ್ಲ ಮಾತಾಡಿಸುತ್ತಿದ್ದರು.

ಈಗ ಅಂಗಡಿಗಳಲ್ಲಿ ಸಿಗುವ, ಪಕ್ಕದಲ್ಲಿ ಹಿಡಿಯಿರುವ ರಿಕ್ಲೈನರಿನ ಹುಟ್ಟೂರು ಅಮೆರಿಕದ ಮಿಷಿಗನ್ ರಾಜ್ಯದ ಮನ್ರೋ. ಎಡ್ವರ್ಡ್ ನಾಬುಷ್ ಮತ್ತು ಎಡ್ವಿನ್ ಶೂಮೇಕರ್ ಎಂಬ ಸೋದರಸಂಬಂಧಿಗಳಿಬ್ಬರು 1928ರಲ್ಲಿ ಮರದ ಪಟ್ಟಿಗಳಿಂದ, ಮೈ ಒರಗಿದಂತೆ ತಾನೂ ಒರಗುವ ಜಗುಲಿ ಕುರ್ಚಿಯೊಂದನ್ನು ಮಾಡಿದರು. ಬೇಸಗೆಯಲ್ಲಿ ಮಾತ್ರ ಮಾರಾಟವಾಗುವ ಸಾಮಾನು ಇದು, ಮೆತ್ತೆ ಹೊದಿಸಿ ತನ್ನಿ ಎಂದು ವ್ಯಾಪಾರಿಯೊಬ್ಬ ಹೇಳಿ ಕಳಿಸಿದನಂತೆ. ಮೆತ್ತೆ ಬಂತು. ಹೆಸರಿಗಾಗಿ ಸ್ಪರ್ಧೆ ನಡೆಸಿ ಲೇಜಿ-ಬಾಯ್ ಎಂದು ಕರೆದರು. ಗಮನಿಸಬೇಕಾದ್ದೆಂದರೆ, ಆ ಮೊದಲ ಕುರ್ಚಿಗೆ ಕಾಲ್ಮಣೆ ಇರಲಿಲ್ಲ. ಬೆನ್ನಿನ ಜೊತೆಗೇ ಕಾಲನ್ನೂ ಎತ್ತುವ ಯಂತ್ರ ಕೂಡಿಸುವ ಕೆಲಸ ಆಮೇಲಿನದು. 1940ರ ದಶಕದಲ್ಲಿ ಬಫಲೋ ನಗರದ ಬಾರ್ಕಲೋ ಕಂಪನಿಗಾಗಿ ಹಂಗೆರಿ ಮೂಲದ ಆಂಟನ್ ಲೊರೆನ್ಜ್ ಈ ದಾರಿಯಲ್ಲಿ ತುಂಬ ತಲೆ ಕೆಡಿಸಿಕೊಂಡ. 1961ಕ್ಕೆ ಲೇಜಿ-ಬಾಯ್‌ನವರು ತೂಗುವ, ಒರಗುವ, ಕಾಲೆತ್ತುವ ಮೂರೂ ಗುಣಗಳ ಕುರ್ಚಿ ತಂದರು.

ಆ ಯಂತ್ರವನ್ನು ನೋಡಬೇಕೆಂದರೆ ಕುರ್ಚಿಯನ್ನು ಮಗುಚಿ ಹಾಕಬೇಕು. ನಾನು ಹಾಕಿದ್ದೇನೆ. ಒಳಗೆ ಉಕ್ಕಿನ ಪಟ್ಟಿಗಳು ಕತ್ತರಿಯಂತೆ ಒಂದರ ಮೇಲೊಂದು ಅಡ್ಡಬಿದ್ದು, ರಿವೆಟ್ಟಿನ ಕೀಲುಗಳಲ್ಲಿ ತಿರುಗುತ್ತ, ಮಡಚಿದಾಗ ಗೇಣಿನೊಳಗೆ ಅಡಗುತ್ತವೆ, ಬಿಚ್ಚಿದಾಗ ಮೊಳದುದ್ದ ಚಾಚುತ್ತವೆ. ಪಕ್ಕದ ಹಿಡಿಯನ್ನು ಎಳೆಯುವಾಗ ನಿಮ್ಮ ಕೈ ಮಾಡುವುದು ಅಗಳಿ ತೆಗೆಯುವ ಕೆಲಸ ಮಾತ್ರ, ಮಿಕ್ಕದ್ದು ಸ್ಪ್ರಿಂಗಿನ ಪಾಲು. ಆ ಮೊದಲ ‘ಧಡ್’ ನನಗೆ ಯಾಕೋ ಇಷ್ಟ. ಮನೆಗೆ ಬಂದ ಮಗು ಮಡಿಲಿಗೆ ಹಾರಿದ ಹಾಗೆ ಕಾಲ್ಮಣೆ ಮೀನಖಂಡಕ್ಕೆ ಬಂದು ತಾಗುತ್ತದೆ. ಕೆಲವು ಕುರ್ಚಿಗಳಲ್ಲಿ ನಡುವೆಯೂ ನಿಲ್ಲಿಸಬಹುದು. ಓದುವುದಕ್ಕೆ ಅರ್ಧ ಎತ್ತರವೇ ಸರಿ, ಪೂರ್ತಿ ಎತ್ತಿದರೆ ಎರಡನೇ ಪುಟಕ್ಕೆ ಕಣ್ಣು ಮುಚ್ಚುತ್ತದೆ. ಬೆನ್ನು ಒರಗಲು ಮೊಂಡುತನ ಮಾಡಿದರೆ ಹಲವು ಮಾದರಿಗಳಲ್ಲಿ ಕೆಳಗಡೆ ಚಿಟ್ಟೆಯಾಕಾರದ ನಟ್ಟು ಇರುತ್ತದೆ. ಅದನ್ನು ಸಡಿಲಿಸಿದರೆ ಹಗುರ ಮೈಯವರಿಗೂ ಕುರ್ಚಿ ಬಾಗುತ್ತದೆ. ಎಷ್ಟೋ ಮನೆಗಳಲ್ಲಿ ಅಜ್ಜಿಯರು ಆ ಬಿಗಿ ಕುರ್ಚಿಯಲ್ಲಿ ಬಾಗಿಲ ಬಳಿಯ ಪೊಲೀಸಿನವರ ಹಾಗೆ ನೆಟ್ಟಗೆ ಕೂತಿರುತ್ತಾರೆ. ನಟ್ಟಿನ ವಿಷಯ ಯಾರೂ ಹೇಳಿರುವುದಿಲ್ಲ.

ಇಳಿಸುವಾಗ ಹಿಡಿಗೆ ಅಷ್ಟು ಕೆಲಸವಿಲ್ಲ. ಮುಂದಕ್ಕೆ ವಾಲಿ, ಎರಡೂ ಹಿಮ್ಮಡಿಗಳಿಂದ ಒತ್ತಿದರೆ ‘ಕಟಕ್’ ಎಂದು ಒಳಸೇರುತ್ತದೆ. ಒತ್ತುವ ಮೊದಲು ಬಗ್ಗಿ ನೋಡಬೇಕು. ಆ ಸಂದಿಯಲ್ಲಿ ಬೆಕ್ಕಿಗೂ ಅಂಬೆಗಾಲಿಡುವ ಮಕ್ಕಳಿಗೂ ಬಲು ಆಸಕ್ತಿ. ಒಂದು ಭಾನುವಾರ ಮಾವನವರು ಹೇಳದೆ ಕೇಳದೆ ಬಂದಾಗ ನಾನು ನೋಡುವ, ಒತ್ತುವ ಎರಡೂ ಕೆಲಸ ಒಟ್ಟಿಗೇ ಮಾಡಲು ಹೋಗಿ ಲುಂಗಿಯ ಅಂಚನ್ನು ಕತ್ತರಿಗೆ ಕೊಟ್ಟೆ. ಏಳಲಾಗದೆ, ಕೂತಲ್ಲಿಂದಲೇ ಕೈಮುಗಿದೆ. ಅವರು ಏನೂ ಅನ್ನಲಿಲ್ಲ. ಊಟಕ್ಕೆ ಕೂತಾಗ ಮಗಳಿಗೆ ಅಂದರಂತೆ.

ಕ್ಷೌರದಂಗಡಿಯ ಹಳೆಯ ಕುರ್ಚಿಯನ್ನು ಮರೆಯಬಾರದು. ಅದರ ಕೆಲವು ಮಾದರಿಗಳಲ್ಲಿ ಕಾಲ್ಮಣೆ ಮಗುಚಿಕೊಳ್ಳುತ್ತದೆ. ಒಂದು ಮಗ್ಗುಲು ಬೂಟುಗಾಲಿಗೆ ಕಬ್ಬಿಣ, ಇನ್ನೊಂದು ಮಗ್ಗುಲು ಒರಗಿದವನ ಮೀನಖಂಡಕ್ಕೆ ಮೆತ್ತೆ. ಎಂಥ ಸೂಕ್ಷ್ಮ! ಇನ್ನು ಲೆ ಕಾರ್ಬೂಸಿಯೆ, ಪಿಯೆರ್ ಜಾನೆರೆ, ಶಾರ್ಲೊಟ್ ಪೆರಿಯಾಂ ಸೇರಿ 1928ರಲ್ಲಿ ರೂಪಿಸಿದ ಪ್ರಸಿದ್ಧ ಒರಗು ಮಂಚವಿದೆ. ಕೊಳವೆಯ ಬಿಲ್ಲು ಒಂದು ಪೀಠದ ಮೇಲೆ ಸುಮ್ಮನೆ ಕೂತಿರುತ್ತದೆ, ಜಾರಿಸಿದರೆ ಕಾಲು ತಲೆಗಿಂತ ಮೇಲೆ. ನೋಡಲು ಕಣ್ಣು ಸಾಲದು. ಆದರೆ ಕೋನ ಬದಲಿಸಬೇಕೆಂದರೆ ಎದ್ದು, ಸರಿಸಿ, ಮತ್ತೆ ಮಲಗಬೇಕು. ಮಾವನವರು ಬರುವ ಮನೆಗೆ ತಕ್ಕುದಲ್ಲ.

ಈಚೆಗೆ ಮೋಟಾರಿನದು ಕೊಂಡೆವು. ಒತ್ತುಗುಂಡಿ ಅದುಮಿದಷ್ಟು ಹೊತ್ತು ಗುಂಯ್‌ಗುಟ್ಟುತ್ತ ಏರುತ್ತದೆ, ಬೆರಳು ತೆಗೆದಲ್ಲಿ ನಿಲ್ಲುತ್ತದೆ. ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಇದರಲ್ಲಿ ಅದನ್ನು ಮೀರಿಸುವ ಕುರ್ಚಿಯಿಲ್ಲ. ಇಳಿಯುವುದು ಮಾತ್ರ ರಥ ಗುಡಿಗೆ ಮರಳಿದ ಹಾಗೆ. ಬಂದವರು ಹೊಸಿಲಲ್ಲಿ, ನನ್ನ ಪಾದಗಳು ಇನ್ನೂ ಅವರ ಮುಖಕ್ಕೆ ನೇರ, ನಾನು ನಗುತ್ತ “ಬನ್ನಿ, ಬನ್ನಿ” ಅನ್ನುತ್ತಿರುತ್ತೇನೆ. ಕರೆಂಟು ಹೋದರೆ ಆ ಭಂಗಿಯೇ ಗತಿ.

ಹೋದ ಶ್ರಾವಣದಲ್ಲಿ ಊರಿಂದ ಚಿಕ್ಕಪ್ಪ ಬಂದರು. ಮಂಡಿನೋವು. ಅವರನ್ನೇ ಅದರಲ್ಲಿ ಕೂರಿಸಿ ಗುಂಡಿ ಒತ್ತಿದೆ. ಕಾಲು ಮೇಲೇರಿತು. ಮೊದಲು ಮುಖ ಹಿಗ್ಗಿತು, ಆಮೇಲೆ ಥಟ್ಟನೆ ಗಾಬರಿ: “ಇಳಿಸೋ, ಇಳಿಸೋ, ಎದುರಿಗೆ ದೇವರ ಕೋಣೆ!” ಇಳಿಸಿ, ಕುರ್ಚಿಯನ್ನು ಪೂರ್ತಿ ತಿರುಗಿಸಿದೆ. ಮತ್ತೆ ಏರಿಸಿದೆ. ಅವರು ಕತ್ತೆತ್ತಿ ದಿಕ್ಕು ಲೆಕ್ಕ ಹಾಕಿದರು. “ಈಗ ತಲೆ ಉತ್ತರಕ್ಕಾಯ್ತಲ್ಲೋ.” ಕೊನೆಗೆ ಪೂರ್ವಕ್ಕೆ ತಲೆ, ಪಶ್ಚಿಮಕ್ಕೆ ಕಾಲು ಬರುವಂತೆ ಹಾಲಿನ ನಡುವೆ ಅಡ್ಡಲಾಗಿ ನಿಲ್ಲಿಸಿದೆವು. ಪ್ಲಗ್ ಪಾಯಿಂಟು ಎಟುಕದೆ ಎಕ್ಸ್‌ಟೆನ್ಷನ್ ಬಾಕ್ಸ್ ತಂದದ್ದಾಯಿತು. ಚಿಕ್ಕಪ್ಪ ಎಂಟು ದಿನವಿದ್ದು ಹೋದರು. ಕುರ್ಚಿ ಇನ್ನೂ ಹಾಗೇ ಅಡ್ಡ ನಿಂತಿದೆ. ಟಿವಿ ನೋಡಲು ಕತ್ತು ಬಲಕ್ಕೆ ಹೊರಳಿಸಬೇಕು, ವೈರು ದಾಟುವವರು ಎಡವುತ್ತಾರೆ. ಕಾಲಿಗೆ ಮಾತ್ರ ಅಲ್ಲಿ ಬಲು ಹಿತ.