ಮನೆಯಲ್ಲಿ ನೋಡಿದ ಹೊರದೇಶದ ಚಿತ್ರಗಳು ಮತ್ತು ಸೊರಬ–ಶಿಕಾರಿಪುರ ಸೀಮೆಯ ಕಣ್ಣು

ಹೊರದೇಶದ ಚಿತ್ರವೊಂದನ್ನು ಮನೆಯಲ್ಲಿ ನೋಡಿದವರು ಮರುದಿನ ಅದರ ಬಗ್ಗೆ ಆಡುವ ಮಾತನ್ನು ವಿಮರ್ಶೆ ಎಂದು ಯಾರೂ ಕರೆಯುವುದಿಲ್ಲ. ಚೆನ್ನಾಗಿತ್ತು, ನಿಧಾನವಾಯಿತು, ಕೊನೆ ಅರ್ಥವಾಗಲಿಲ್ಲ ಎಂಬಷ್ಟರಲ್ಲಿ ಆ ಮಾತು ಮುಗಿದುಹೋಗುತ್ತದೆ. ಆದರೂ ಬಹುಪಾಲು ಜನರಲ್ಲಿ ಸಿನಿಮಾದ ತಿಳಿವಳಿಕೆ ಬೆಳೆಯುವುದು ಇಂಥ ಮಾತಿನಿಂದಲೇ. ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಈ ಮಾತಿನ ಹಿಂದೆ ಗಟ್ಟಿಯಾದ ಎರಡು ಆಸರೆಗಳಿವೆ. ಪಕ್ಕದ ಹೆಗ್ಗೋಡಿನಲ್ಲಿ ನಡೆದ ಪ್ರಯೋಗ ಒಂದು; ಗದ್ದೆ, ಕಾಡು, ಕೆರೆಗಳ ನಡುವೆ ಬಾಳಿ ಬಂದ ಅರಿವು ಇನ್ನೊಂದು. ಮೊದಲನೆಯದನ್ನು ಎಲ್ಲರೂ ನೆನೆಯುತ್ತಾರೆ. ವಿಮರ್ಶೆಗೆ ಹೆಚ್ಚು ಒದಗಬಲ್ಲದ್ದು ಎರಡನೆಯದು.

ಹೆಗ್ಗೋಡು ಸಾಗರ ತಾಲ್ಲೂಕಿನ ಹಳ್ಳಿ; ಸೊರಬ, ಶಿಕಾರಿಪುರಗಳೂ ಸಾಗರ ಉಪವಿಭಾಗಕ್ಕೆ ಸೇರಿದವು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಸಂಸ್ಥೆಯನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರ ಆಸ್ಥೆಯಿಂದ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರ ನೆರವಿನಿಂದ ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಜಪಾನಿನ ಕುರೊಸಾವಾ, ಇಟಲಿಯ ಡಿ ಸಿಕಾ ಮೊದಲಾದವರ ಚಿತ್ರಗಳನ್ನು ಅಡಕೆ ತೋಟದ ಕೆಲಸ ಮುಗಿಸಿ ಬಂದವರು ಕುಳಿತು ನೋಡಿದರು. 1983ರಿಂದ 85ರವರೆಗೆ ನಡೆದ ಜನಸ್ಪಂದನ ಯೋಜನೆಯು ಇದೇ ಕೆಲಸವನ್ನು ರಾಜ್ಯದ ಬೇರೆ ಊರುಗಳಿಗೂ ಒಯ್ದಿತು. ರಾತ್ರಿಯಿಡೀ ತಾಳಮದ್ದಳೆ ಕೇಳಿ ಬೆಳಿಗ್ಗೆ ಅರ್ಥಗಾರಿಕೆಯ ಬಗ್ಗೆ ಜಗಳವಾಡುವವರು ಜಪಾನಿನ ಚಿತ್ರವನ್ನೂ ಅರಗಿಸಿಕೊಳ್ಳಬಲ್ಲರು ಎಂಬ ನಂಬಿಕೆ ಆ ಕೆಲಸದ ಬೆನ್ನಿಗಿತ್ತು. ಆ ನಂಬಿಕೆ ಸುಳ್ಳಾಗಲಿಲ್ಲ.

ಮನೆಯ ನೋಟದ ರೀತಿ ಬೇರೆ. ದೂರದರ್ಶನ, ಬಾಡಿಗೆಯ ವೀಡಿಯೊ ಕ್ಯಾಸೆಟ್, ಕೇಬಲ್ಲಿನ ಡಿಸ್ಕವರಿ ಚಾನೆಲ್ ದಾಟಿ, 2016ರ ನಂತರ ಅಗ್ಗದ ಇಂಟರ್‌ನೆಟ್ಟಿನಿಂದಾಗಿ ಜಗತ್ತಿನ ಸಿನಿಮಾ ಅಂಗೈಗೆ ಬಂದಿತು. ಸಿಕ್ಕಿದ್ದು ಹೆಚ್ಚಾದಷ್ಟೂ ಇಡಿಯಾಗಿ ನೋಡುವುದು ಕಡಿಮೆಯಾಯಿತು. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ನಡುವೆ ಫೋನು ಬರುತ್ತದೆ, ಮಾತಿಲ್ಲದ ದೃಶ್ಯ ಬಂದರೆ ಬೆರಳು ತಾನಾಗಿ ಅದನ್ನು ಮುಂದಕ್ಕೆ ಓಡಿಸುತ್ತದೆ. ಹೀಗೆ ನೋಡಿದ ಚಿತ್ರವನ್ನು ನಿಧಾನ ಎಂದು ತಳ್ಳಿಹಾಕುವುದು ಅನ್ಯಾಯ. ಹೆಗ್ಗೋಡಿನಲ್ಲಿ ಇಲ್ಲದ ಒಂದು ಅನುಕೂಲ ಮನೆಯಲ್ಲಿದೆ: ಬೇಕಾದ ದೃಶ್ಯವನ್ನು ಹಿಂದಕ್ಕೆ ತಂದು ಬೇಕಾದಷ್ಟು ಸಲ ನೋಡಬಹುದು. ಒಳ್ಳೆಯ ಅಭಿಪ್ರಾಯಗಳೆಲ್ಲ ಹುಟ್ಟುವುದು ಹೀಗೆ ಮರಳಿ ನೋಡಿದಾಗಲೇ.

ಕುರೊಸಾವಾನ ‘ಸೆವೆನ್ ಸಮುರಾಯ್’ (1954) ಇದಕ್ಕೆ ಒಳ್ಳೆಯ ನಿದರ್ಶನ. 207 ನಿಮಿಷಗಳ ಈ ಚಿತ್ರವನ್ನು ಮೆಚ್ಚುವವರು ಸಾಮಾನ್ಯವಾಗಿ ಕೊನೆಯ ಮಳೆಯ ಕಾಳಗವನ್ನು ಹೊಗಳುತ್ತಾರೆ. ಆದರೆ ಕಥೆಯ ನಡಿಗೆಯನ್ನು ನಿರ್ಧರಿಸುವುದು ಬೇಸಾಯದ ಕಾಲ. ಬಾರ್ಲಿ ಕೊಯ್ಲಾದ ಮೇಲೆ ದರೋಡೆಕೋರರು ಬರುತ್ತಾರೆ. ಆದ್ದರಿಂದ ಬೇಗ ಕೊಯ್ದು, ಗದ್ದೆಗೆ ನೀರು ಬಿಟ್ಟು ಕುದುರೆಗಳಿಗೆ ಅಡ್ಡಿ ಮಾಡಲಾಗುತ್ತದೆ. ಪೇಟೆಯ ನೋಡುಗನಿಗೆ ಇದು ಯುದ್ಧದ ಉಪಾಯವಾಗಿ ಕಾಣುತ್ತದೆ. ಕೂರಿಗೆ ಬಿತ್ತನೆಯನ್ನೂ ಕೆಸರುಗದ್ದೆಯ ನಾಟಿಯನ್ನೂ ಬಲ್ಲ ಸೊರಬದ ರೈತನಿಗೆ ಅಲ್ಲಿ ಬೇರೊಂದು ಸಂಗತಿ ಕಾಣಬಲ್ಲದು. ಬಾರ್ಲಿಯ ನಂತರ ಬತ್ತಕ್ಕಾಗಿ ಆ ಗದ್ದೆಗೆ ಹೇಗಿದ್ದರೂ ನೀರು ಬಿಡಬೇಕು. ಯುದ್ಧದ ಉಪಾಯವು ಬೇಸಾಯದ ಮುಂದಿನ ಹೆಜ್ಜೆಯೂ ಆಗಿದೆ. ಆದ್ದರಿಂದಲೇ ಕೊನೆಯಲ್ಲಿ ಡೋಲು, ಕೊಳಲು, ಹಾಡಿನೊಂದಿಗೆ ಸಸಿ ನೆಡುವ ದೃಶ್ಯ ಮೇಲಿಂದ ಅಂಟಿಸಿದ ಸಂಭ್ರಮವಾಗಿ ತೋರುವುದಿಲ್ಲ. ಕಾಳಗ ಮುಗಿಯಿತು, ಗದ್ದೆಗೆ ನೀರು ಬಂದಿತು, ನಾಟಿ ಹತ್ತಿರವಾಯಿತು. ಹಳ್ಳಿಯನ್ನು ಕಾಯಲು ಬಂದ ಏಳು ಯೋಧರಲ್ಲಿ ಬದುಕುಳಿದ ಮೂವರಿಗೆ ಅಲ್ಲಿ ಮಾಡಲು ಕೆಲಸವಿಲ್ಲ. ಇಷ್ಟನ್ನು ಗುರುತಿಸಿದ ಮಾತು ಬಾಯಿಮಾತಾಗಿದ್ದರೂ ವಿಮರ್ಶೆಯೇ.

ಈ ಬಗೆಯ ನೋಟಕ್ಕೂ ಒಂದು ಅಪಾಯ ಉಂಟು. ‘ನಮ್ಮ ರೈತರ ಹಾಗೇ’ ಎಂದು ಹೇಳಿ ಸುಮ್ಮನಾಗುವುದು ಸುಲಭ. ಕುರೊಸಾವಾನ ರೈತರು ಪಾಪದವರಲ್ಲ. ಅಕ್ಕಿಯನ್ನು ಬಚ್ಚಿಡುತ್ತಾರೆ, ಸೋತು ಓಡಿಬಂದ ಯೋಧರನ್ನು ಹಿಂದೆ ಕೊಂದು ಅವರ ಕವಚಗಳನ್ನು ಕೂಡಿಟ್ಟಿರುತ್ತಾರೆ. ಅವರನ್ನು ಹೀಗೆ ಮಾಡಿದವರು ಯಾರು ಎಂದು ಆ ಏಳು ಮಂದಿಯಲ್ಲೊಬ್ಬನಾದ ಕಿಕುಚಿಯೊ ಯೋಧರ ಮೇಲೆಯೇ ಸಿಡಿಯುತ್ತಾನೆ. ಬತ್ತ ಅಳೆಯುವ ಕೊಳಗದ ಗಾತ್ರದಿಂದ ಭೂಮಾಲೀಕರಿಗೂ ಗೇಣಿದಾರರಿಗೂ ಜಗಳ ಹತ್ತಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸೀಮೆಯಲ್ಲಿ. ಆ ನೆನಪಿರುವ ಮನೆಗಳಲ್ಲಿ ಈ ದೃಶ್ಯಕ್ಕೆ ಮರುಕಕ್ಕಿಂತ ಹರಿತವಾದ ಮಾತು ಹುಟ್ಟಬೇಕು.

ಸೀಮೆಯ ಅರಿವು ಎಲ್ಲಕ್ಕಿಂತ ಹೆಚ್ಚಾಗಿ ಒದಗಬೇಕಾದ ಚಿತ್ರ ಸ್ಟೀವನ್ ಸೋಡರ್‌ಬರ್ಗ್ ನಿರ್ದೇಶನದ, ಸಾಂಕ್ರಾಮಿಕ ರೋಗವೊಂದರ ಕಥೆಯಾದ ‘ಕಂಟೇಜಿಯನ್’ (2011). ಕೊರೋನಾ ಹಬ್ಬಿದ 2020ರಲ್ಲಿ ಜಗತ್ತಿನಾದ್ಯಂತ ಇದನ್ನು ಮತ್ತೆ ಹುಡುಕಿ ನೋಡಿದರು. ಮುಂದೆ ಆಗುವುದನ್ನು ಮೊದಲೇ ಹೇಳಿದೆ ಎಂಬುದು ಎಲ್ಲೆಡೆ ಕೇಳಿಬಂದ ಮೆಚ್ಚುಗೆ. ಚಿತ್ರ ರೋಗ ಹರಡತೊಡಗಿದ ಎರಡನೆಯ ದಿನದಿಂದ ಆರಂಭವಾಗುತ್ತದೆ. ಒಂದನೆಯ ದಿನ ಬರುವುದು ಕೊನೆಯ ಎರಡು ಮೂರು ನಿಮಿಷಗಳಲ್ಲಿ. ಬುಲ್ಡೋಜರು ಮರ ಉರುಳಿಸುತ್ತದೆ, ನೆಲೆ ತಪ್ಪಿದ ಬಾವಲಿ ಬಾಳೆಹಣ್ಣಿನ ಚೂರನ್ನು ಹಂದಿಗಳ ಕೊಟ್ಟಿಗೆಗೆ ಬೀಳಿಸುತ್ತದೆ, ಅದನ್ನು ತಿಂದ ಹಂದಿ ಅಡುಗೆಮನೆ ಸೇರುತ್ತದೆ, ಅಡುಗೆಯವನು ಏಪ್ರನ್ನಿಗೆ ಒರೆಸಿದ ಕೈಯಲ್ಲೇ ಅತಿಥಿಯೊಬ್ಬಳ ಕೈ ಕುಲುಕುತ್ತಾನೆ. ಯಾರೂ ಏನನ್ನೂ ವಿವರಿಸುವುದಿಲ್ಲ. ಕೈ ಕುಲುಕಿದಲ್ಲಿಗೆ ಚಿತ್ರ ಮುಗಿಯುತ್ತದೆ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರನ್ನು ಒಂದು ಕಾಯಿಲೆಯೇ ಹೊತ್ತಿದೆ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಉಣುಗಿನಿಂದ ಹರಡುವ ಹೊಸ ವೈರಸ್ ಸಿಕ್ಕಿತು. ವೈದ್ಯಶಾಸ್ತ್ರದಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ. ಬೇಸಾಯಕ್ಕಾಗಿ ಕಾಡು ಕಡಿದದ್ದು, ದನಗಳು ಕಾಡಂಚಿನಲ್ಲಿ ಮೇಯುತ್ತ ಉಣುಗು ಹೆಚ್ಚಿದ್ದು ಇದಕ್ಕೆ ಕಾರಣವಾಗಿರಬೇಕೆಂದು ಸಂಶೋಧಕರು 1960ರ ದಶಕದಲ್ಲೇ ವಾದಿಸಿದ್ದರು. ಸೋಡರ್‌ಬರ್ಗ್ ಕೊನೆಯಲ್ಲಿ ತೋರಿಸಿದ ಸರಪಳಿ ಈ ತಾಲ್ಲೂಕಿಗೆ ಹೊಸದಲ್ಲ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಆ ದಿಕ್ಕಿಗೆ ದರಗು, ಸೌದೆ ತರಲು ಹೋಗಬಾರದೆಂದು ಇಲ್ಲಿನ ಹೆಂಗಸರು ಯಾವ ಸಿನಿಮಾದಿಂದಲೂ ಕಲಿಯಬೇಕಿಲ್ಲ.

ಈ ಅರಿವಿನಿಂದ ನೋಡಿದರೆ ‘ಕಂಟೇಜಿಯನ್’ ಚಿತ್ರದ ಶಕ್ತಿಯೂ ಕೊರತೆಯೂ ಒಟ್ಟಿಗೇ ಕಾಣುತ್ತವೆ. ಕಾರಣದ ಸರಪಳಿಯನ್ನು ಮಾತಿಲ್ಲದೆ, ಬೋಧನೆಯಿಲ್ಲದೆ ಕಟ್ಟಿರುವುದು ದೊಡ್ಡ ಸಾಧನೆ. ಆದರೆ ಕಾಡಿಗೆ ಸಿಕ್ಕಿರುವುದು ಆ ಎರಡು ಮೂರು ನಿಮಿಷ ಮಾತ್ರ. ಉಳಿದ ಹೊತ್ತು ಬಹುಪಾಲು ನಗರಗಳದ್ದು, ವಿಮಾನಗಳದ್ದು, ಪ್ರಯೋಗಾಲಯಗಳದ್ದು. ಕಡಿದ ಮರದ ಪಕ್ಕದಲ್ಲೇ ಬದುಕುವವರಿಗೆ ಚಿತ್ರದಲ್ಲಿ ಮುಖವೇ ಇಲ್ಲ. ಕೆಲವು ತಿಂಗಳಲ್ಲಿ ಲಸಿಕೆ ಸಿದ್ಧವಾಗಿ ಜಗತ್ತು ಉಸಿರಾಡುತ್ತದೆ. ಆದರೆ ಇಲ್ಲಿ ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಟ್ಟ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಅದನ್ನೇ ನಿಲ್ಲಿಸಬೇಕಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಸಾವುಗಳಾದವು. ಸೋಡರ್‌ಬರ್ಗ್ ಚಿತ್ರದ ಬಗ್ಗೆ ನ್ಯೂಯಾರ್ಕಿನ ವಿಮರ್ಶಕರಿಗಿಂತ ಕ್ಯಾಸನೂರಿನವರಿಗೆ ಹೇಳಲು ಹೆಚ್ಚಿದೆ ಎಂಬುದು ಉತ್ಪ್ರೇಕ್ಷೆಯಲ್ಲ.

ಸಾಕ್ಷ್ಯಚಿತ್ರಗಳ ವಿಷಯದಲ್ಲಿ ಮನೆಯ ಅಭಿಪ್ರಾಯ ಹೆಚ್ಚು ಎಡವುತ್ತದೆ. ಕಥಾಚಿತ್ರವನ್ನು ಅನುಮಾನದಿಂದ ನೋಡುವವರೂ ಸಾಕ್ಷ್ಯಚಿತ್ರದಲ್ಲಿ ಕಂಡದ್ದನ್ನೆಲ್ಲ ನಿಜವೆಂದು ಒಪ್ಪಿಬಿಡುತ್ತಾರೆ. ಉತ್ತರ ಮ್ಯಾಸಿಡೋನಿಯಾದ ‘ಹನಿಲ್ಯಾಂಡ್’ (2019) ಈ ದೃಷ್ಟಿಯಿಂದ ಗಮನಿಸಬೇಕಾದ ಚಿತ್ರ. ಹಾಸಿಗೆ ಹಿಡಿದ ತಾಯಿಯೊಂದಿಗೆ ಪಾಳುಬಿದ್ದ ಹಳ್ಳಿಯಲ್ಲಿರುವ ಹತೀಜೆ ಮುರಾತೋವಾ ಜೇನು ಕೀಳುವಾಗ ಅರ್ಧವನ್ನು ನೊಣಗಳಿಗೇ ಬಿಡುತ್ತಾಳೆ. ಪಕ್ಕಕ್ಕೆ ಬಂದ ದೊಡ್ಡ ಸಂಸಾರದ ಹುಸೇನ್ ವ್ಯಾಪಾರಿಯ ಒತ್ತಾಯಕ್ಕೆ ಇದ್ದಬದ್ದ ತುಪ್ಪವನ್ನೆಲ್ಲ ತೆಗೆಯುತ್ತಾನೆ. ಹಸಿದ ಅವನ ನೊಣಗಳು ಅವಳ ಗೂಡುಗಳ ಮೇಲೆ ಬೀಳುತ್ತವೆ. ಮಳೆಗಾಲದಲ್ಲಿ ತುಡುವೆ ಪೆಟ್ಟಿಗೆಗೆ ಸಕ್ಕರೆ ಪಾಕ ಇಟ್ಟು ಸಾಕುವ ಮಲೆನಾಡಿಗನಿಗೆ, 1990ರ ದಶಕದ ಆರಂಭದಲ್ಲಿ ಥಾಯ್‌ಸ್ಯಾಕ್ ರೋಗಕ್ಕೆ ಪೆಟ್ಟಿಗೆಗಳು ಖಾಲಿಯಾದದ್ದನ್ನು ಕಂಡವನಿಗೆ, ಅರ್ಧ ಬಿಡುವುದು ಬರಿಯ ಒಳ್ಳೆಯತನವಲ್ಲ, ಲೆಕ್ಕಾಚಾರವೂ ಹೌದು ಎಂದು ಗೊತ್ತು. ಹತೀಜೆಯನ್ನು ಸಂತಳಾಗಿಸಿ ಹುಸೇನನನ್ನು ಖಳನಾಗಿಸುವ ಓದು ಚಿತ್ರಕ್ಕೆ ಮೋಸ ಮಾಡುತ್ತದೆ. ಅಡಕೆ, ಮೆಕ್ಕೆಜೋಳ ಮಾರುವ ಶಿಕಾರಿಪುರದ ಬೆಳೆಗಾರನಿಗೆ ಆ ವ್ಯಾಪಾರಿಯ ಕೈ ಮೊದಲು ಕಾಣಬೇಕು. ಸುಮಾರು 3 ವರ್ಷ ಚಿತ್ರಿಸಿದ 400 ಗಂಟೆಗಳ ದೃಶ್ಯದಿಂದ ಒಂದೂವರೆ ಗಂಟೆಯನ್ನು ಆಯಲಾಗಿದೆ. ಇಷ್ಟು ಅಚ್ಚುಕಟ್ಟಾದ ನೀತಿಕಥೆ ಆ ಆಯ್ಕೆಯಿಂದ ಮೂಡಿದ್ದು ಎಂಬುದನ್ನೂ ಮರೆಯಬಾರದು.

ವನ್ಯಜೀವಿ ಚಿತ್ರಗಳಿಗೆ ಸೊರಬದಲ್ಲೇ ಒಂದು ಒರೆಗಲ್ಲಿದೆ. ಗುಡವಿ ಪಕ್ಷಿಧಾಮದ ಕೆರೆಯ ಬಳಿ ಮಳೆಗಾಲದಲ್ಲಿ ಒಂದು ಗಂಟೆ ಕುಳಿತರೆ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲುಗಳ ಗದ್ದಲ ಕೇಳುತ್ತದೆ, ರೋಚಕವಾದದ್ದು ಏನೂ ನಡೆಯದೆ ಹೋಗಬಹುದು. ಬಿಬಿಸಿ ಸರಣಿಯಲ್ಲಿ ನಿಮಿಷಕ್ಕೊಂದು ಬೇಟೆ, ದೂರದ ಪ್ರಾಣಿಯ ಹೆಜ್ಜೆಸಪ್ಪಳವೂ ಸ್ಪಷ್ಟ. ಆ ಸದ್ದುಗಳಲ್ಲಿ ಹಲವನ್ನು ಸ್ಟುಡಿಯೊದಲ್ಲಿ ಕೂಡಿಸಲಾಗಿರುತ್ತದೆ. 2011ರ ‘ಫ್ರೋಜನ್ ಪ್ಲಾನೆಟ್’ ಸರಣಿಯ ಹಿಮಕರಡಿ ಮರಿಗಳನ್ನು ಮೃಗಾಲಯದಲ್ಲಿ ಚಿತ್ರಿಸಿದ್ದು ತಿಳಿದಾಗ ಬ್ರಿಟನ್ನಿನಲ್ಲಿ ದೊಡ್ಡ ಚರ್ಚೆಯಾಯಿತು. ಚಿತ್ರ ಸುಂದರ ಎನ್ನುವುದರ ಜೊತೆಗೆ ಕ್ಯಾಮೆರಾ ಎಲ್ಲಿತ್ತು, ಎಷ್ಟು ಕಾಲವನ್ನು ಎಷ್ಟಕ್ಕೆ ಇಳಿಸಿದೆ ಎಂದು ಕೇಳದ ಅಭಿಪ್ರಾಯ ಅರ್ಧ ಮಾತ್ರ.

ಹೊರದೇಶದ ಧ್ವನಿ ಹೊತ್ತ ನಮ್ಮದೇ ವನ್ಯಜೀವಿ ಚಿತ್ರವೂ ಒಂದಿದೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ತೆರೆಕಂಡಿತು. ಇಂಗ್ಲಿಷ್ ನಿರೂಪಣೆಗಾಗಿ ಡೇವಿಡ್ ಅಟೆನ್‌ಬರೋ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಕನ್ನಡದ ಧ್ವನಿ ರಿಷಬ್ ಶೆಟ್ಟಿಯವರದು. ಅಷ್ಟು ದೊಡ್ಡವರು ಕರ್ನಾಟಕದ ಕಾಡನ್ನು ಹೊಗಳಿದರೆಂಬ ಹೆಮ್ಮೆ ಸಹಜ, ಆದರೆ ಅದರಿಂದ ಚಿತ್ರದ ಬೆಲೆ ಕಟ್ಟಲಾಗದು. ಕನ್ನಡದ ಧ್ವನಿಯ ಲಾಭ ಬೇರೆ: ಮನೆಯ ಹಿರಿಯರು ಪರದೆಯನ್ನೇ ನೋಡುತ್ತ ಮಾತನ್ನು ಕೇಳಬಹುದು. ಜಪಾನಿ, ಟರ್ಕಿ ಭಾಷೆಯ ಚಿತ್ರಗಳು ಬಹುಪಾಲು ಇಂಗ್ಲಿಷ್ ಸಬ್‌ಟೈಟಲ್ಲಿನಲ್ಲೇ ಬರುತ್ತವೆ. ಅದನ್ನು ಓದಿ ಹೇಳುವ ಕೆಲಸ ಶಾಲೆಗೆ ಹೋಗುವ ಮಕ್ಕಳ ಪಾಲಿಗೆ ಬೀಳುತ್ತದೆ. ಮಕ್ಕಳು ಮೂರು ಸಾಲಿನ ಮಾತನ್ನು ಒಂದಕ್ಕೆ ಇಳಿಸಿ ಕಥೆಯನ್ನಷ್ಟೇ ದಾಟಿಸುತ್ತಾರೆ. ಗದ್ದೆ, ಜೇನು, ಮಂಗನ ಸಾವು ಇವನ್ನೆಲ್ಲ ಬಲ್ಲ ಹಿರಿಯರಿಗೆ ಕಿಕುಚಿಯೊನ ಕೋಪ ಒಂದೇ ವಾಕ್ಯವಾಗಿ ತಲುಪುತ್ತದೆ. ನಾಟಿಯ ಹಾಡಿನ ದೃಶ್ಯಕ್ಕೆ ಮಾತ್ರ ಯಾರೂ ಏನನ್ನೂ ಓದಿ ಹೇಳಬೇಕಿಲ್ಲ.